ಟ್ಯಾಗ್ ಕಳಚಿದ್ದು ಎಲ್ಲಿ? ವಿಲ್ಯಾನ್ ಸಂಪರ್ಕ ಕಡಿದಾಗ ಹುಡುಕುವ ಬಗೆ

ಕೇಬಲ್ ಸರಿಯಿದೆ. ಕಂಪ್ಯೂಟರುಗಳ ಕೇಬಲ್‌ಗಳು ಬಂದು ಸೇರುವ ಸ್ವಿಚ್ಚಿನ ಹಸಿರು ದೀಪ ಮಿನುಗುತ್ತಿದೆ. ಆದರೂ ಮೂರನೆಯ ಮಹಡಿಯ ಕಂಪ್ಯೂಟರಿಗೆ ಕೆಳಗಿನ ಮಹಡಿಯ ಸರ್ವರ್ ಸಿಗುತ್ತಿಲ್ಲ. ವಿಲ್ಯಾನ್ ಇರುವ, ಅಂದರೆ ಸ್ವಿಚ್ಚುಗಳನ್ನು ಒಳಗೇ ಪಾಲು ಮಾಡಿದ ಜಾಲದಲ್ಲಿ ಇಂಥ ದೂರು ಬಂದಾಗ ಬಹಳ ಮಂದಿ ಮಾಡುವ ಮೊದಲ ಕೆಲಸ, ಸ್ವಿಚ್ಚಿಗೆ ಲಾಗಿನ್ ಆಗಿ ಒಂದೊಂದೇ ಸೆಟ್ಟಿಂಗ್ ಬದಲಿಸಿ ನೋಡುವುದು. ನಾನೂ ಹಲವು ವರ್ಷ ಹಾಗೆಯೇ ಮಾಡಿದ್ದೇನೆ. ಐದು ಕಡೆ ಕೈಯಾಡಿಸಿದ ಮೇಲೆ ಸಂಪರ್ಕ ಬಂದರೆ ಯಾವುದರಿಂದ ಬಂತೆಂದು ತಿಳಿಯುತ್ತಿರಲಿಲ್ಲ. ಬಾರದಿದ್ದರೆ ಮೊದಲೇ ಇದ್ದ ಒಂದು ತಪ್ಪಿಗೆ ನನ್ನ ಐದು ತಪ್ಪುಗಳೂ ಸೇರಿಕೊಂಡಿರುತ್ತಿದ್ದವು.

ಈಗ ನಾನು ಹಿಡಿಯುವ ದಾರಿ ಬೇರೆ. ಮೊದಲ ಅರ್ಧ ಗಂಟೆ ಏನನ್ನೂ ಬದಲಿಸುವುದಿಲ್ಲ. ಕಂಪ್ಯೂಟರಿನಿಂದ ಹೊರಟ ಫ್ರೇಮಿನ, ಅಂದರೆ ಮಾಹಿತಿಯ ಪೊಟ್ಟಣದ, ಬೆನ್ನು ಹತ್ತಿ, ಅದು ಯಾವ ಸ್ವಿಚ್ಚಿನವರೆಗೆ ಹೋಯಿತು, ಅಲ್ಲಿ ಯಾವ ವಿಲ್ಯಾನಿನಲ್ಲಿ ಕಾಣಿಸಿಕೊಂಡಿತು ಎಂದಷ್ಟೇ ನೋಡುತ್ತೇನೆ. ಸೆಟ್ಟಿಂಗ್ ಏನು ಹೇಳುತ್ತದೆ ಎಂಬುದು ಆಮೇಲಿನ ಮಾತು.

ಟ್ಯಾಗಿನ ಲೆಕ್ಕ

ಒಂದೇ ಸ್ವಿಚ್ಚನ್ನು ಒಳಗಿಂದೊಳಗೇ ಹಲವು ಸ್ವಿಚ್ಚುಗಳಾಗಿ ಪಾಲು ಮಾಡುವ ಏರ್ಪಾಡೇ ವಿಲ್ಯಾನ್. ಪಾಲು ಒಂದೇ ಸ್ವಿಚ್ಚಿನೊಳಗೆ ಉಳಿದರೆ ತೊಂದರೆ ಕಡಿಮೆ. ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಹೋಗುವ ಒಂದೇ ಕೇಬಲ್ಲಿನಲ್ಲಿ ಹತ್ತು ವಿಲ್ಯಾನ್‌ಗಳ ಫ್ರೇಮುಗಳು ಸಾಗಬೇಕಾದಾಗ ಯಾವುದು ಯಾರದು ಎಂದು ಗುರುತಿಸಲು ಚೀಟಿ ಬೇಕಾಗುತ್ತದೆ. ಆ ಚೀಟಿಯೇ ಟ್ಯಾಗ್. 1998ರಲ್ಲಿ ಮೊದಲು ಪ್ರಕಟವಾದ 802.1ಕ್ಯೂ ಮಾನದಂಡದ ಪ್ರಕಾರ ಇದು 4 ಬೈಟಿನದು. ವಿಲ್ಯಾನ್ ಸಂಖ್ಯೆಗೆ ಅದರಲ್ಲಿ 12 ಬಿಟ್ ಮೀಸಲು. ಹಾಗಾಗಿ ಒಟ್ಟು 4096 ಸಂಖ್ಯೆಗಳು ಸಾಧ್ಯ. 0 ಮತ್ತು 4095 ಬಳಕೆಗೆ ಸಿಗುವುದಿಲ್ಲವಾದ್ದರಿಂದ ನಮ್ಮ ಪಾಲಿಗೆ ಉಳಿಯುವುದು 1ರಿಂದ 4094.

ಸಾಮಾನ್ಯ ಕಂಪ್ಯೂಟರಿಗೆ ಈ ಚೀಟಿಯ ಗೊಡವೆಯಿಲ್ಲ. ಅದು ಕೂರುವ ಪೋರ್ಟು, ಅಂದರೆ ಸ್ವಿಚ್ಚಿನ ಕೇಬಲ್ ಕಿಂಡಿ, ಆಕ್ಸೆಸ್ ಪೋರ್ಟು. ಅಲ್ಲಿ ಟ್ಯಾಗ್ ಇಲ್ಲದ ಫ್ರೇಮುಗಳೇ ಓಡಾಡುತ್ತವೆ. ಸ್ವಿಚ್ಚುಗಳ ನಡುವಿನದು ಟ್ರಂಕ್. ಅಲ್ಲಿ ಟ್ಯಾಗ್ ಹಚ್ಚಿಯೇ ಕಳಿಸಲಾಗುತ್ತದೆ. ಅದಕ್ಕೊಂದು ಅಪವಾದವಿದೆ: ನೇಟಿವ್ ವಿಲ್ಯಾನ್ ಎಂದು ಗೊತ್ತುಪಡಿಸಿದ್ದು ಟ್ರಂಕಿನ ಮೇಲೂ ಟ್ಯಾಗ್ ಇಲ್ಲದೆ ಹೋಗುತ್ತದೆ. ಈ ಒಂದು ಅಪವಾದ ಹುಟ್ಟಿಸಿರುವ ತಲೆನೋವು ಸಣ್ಣದಲ್ಲ.

ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ. ಸಿಸ್ಕೊ ಸ್ವಿಚ್ಚುಗಳಲ್ಲಿ ಟ್ರಂಕ್ ಎಂದರೆ ಮೇಲೆ ಹೇಳಿದ್ದು. ಎಚ್‌ಪಿ ಪ್ರೊಕರ್ವ್ ಸ್ವಿಚ್ಚುಗಳಲ್ಲಿ ಅದೇ ಪದಕ್ಕೆ ಹಲವು ಕೇಬಲ್‌ಗಳನ್ನು ಕಟ್ಟಿ ಒಂದಾಗಿಸಿದ ಹೊರೆ ಎಂದು ಅರ್ಥ. ವಿಲ್ಯಾನ್ ವಿಷಯದಲ್ಲಿ ಅವು ಟ್ಯಾಗ್ಡ್, ಅನ್‌ಟ್ಯಾಗ್ಡ್ ಎನ್ನುತ್ತವೆ. ಎರಡೂ ಬಗೆಯ ಸ್ವಿಚ್ಚುಗಳಿರುವ ಜಾಲದಲ್ಲಿ ಇಬ್ಬರು ತಂತ್ರಜ್ಞರು ‘ಟ್ರಂಕ್ ಮಾಡಿದ್ದೇನೆ’ ಎಂದು ಫೋನಿನಲ್ಲಿ ಹೇಳಿಕೊಂಡರೆ ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗಿದೆ ಎಂದು ನಂಬಬೇಡಿ.

ಮೊದಲು, ಯಾರಿಗೆ ಯಾರು ಸಿಗುತ್ತಿಲ್ಲ?

‘ನೆಟ್ ಇಲ್ಲ’ ಎಂಬ ದೂರಿನಿಂದ ಏನೂ ತಿಳಿಯುವುದಿಲ್ಲ. ತೊಂದರೆಗೀಡಾದ ಕಂಪ್ಯೂಟರಿನಿಂದ ಮೂರು ಕಡೆಗೆ ಪಿಂಗ್ (‘ಇದ್ದೀಯಾ?’ ಎಂದು ಕೇಳುವ ಸಣ್ಣ ಸಂದೇಶ) ಕಳಿಸಿ: ಅದೇ ವಿಲ್ಯಾನಿನ, ಅದೇ ಸ್ವಿಚ್ಚಿನ ಇನ್ನೊಂದು ಯಂತ್ರಕ್ಕೆ, ಅದೇ ವಿಲ್ಯಾನಿನ, ಬೇರೆ ಸ್ವಿಚ್ಚಿನ ಯಂತ್ರಕ್ಕೆ, ಬೇರೆ ವಿಲ್ಯಾನಿನ ಯಂತ್ರಕ್ಕೆ. ಮೊದಲನೆಯದೇ ವಿಫಲವಾದರೆ ಆಕ್ಸೆಸ್ ಪೋರ್ಟನ್ನು ನೋಡಬೇಕು. ಮೊದಲನೆಯದು ಸಿಕ್ಕಿ ಎರಡನೆಯದು ಸಿಗದಿದ್ದರೆ ಟ್ರಂಕಿನ ಮೇಲೆ ಅನುಮಾನ. ಎರಡೂ ಸಿಕ್ಕಿ ಮೂರನೆಯದು ಮಾತ್ರ ಸಿಗದಿದ್ದರೆ ವಿಲ್ಯಾನಿನ ತಂಟೆಗೆ ಹೋಗಬೇಡಿ, ಒಂದು ವಿಲ್ಯಾನಿನಿಂದ ಇನ್ನೊಂದಕ್ಕೆ ದಾಟಿಸುವ ಗೇಟ್‌ವೇ ನೋಡಿ. ಐದು ನಿಮಿಷದ ಈ ಪರೀಕ್ಷೆ ಹುಡುಕುವ ಜಾಗವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ.

ಪಿಂಗ್ ವಿಫಲವಾದ ತಕ್ಷಣ ಕಂಪ್ಯೂಟರಿನ ಎಆರ್‌ಪಿ ಪಟ್ಟಿಯನ್ನು ತೆರೆಯಿರಿ. ಯಾವ ಐಪಿ ವಿಳಾಸಕ್ಕೆ ಯಾವ ಮ್ಯಾಕ್ ವಿಳಾಸ, ಅಂದರೆ ಯಂತ್ರದ ಜಾಲದ ಕಾರ್ಡಿನ ಗುರುತು ಸಂಖ್ಯೆ, ಎಂಬ ಲೆಕ್ಕ ಅಲ್ಲಿರುತ್ತದೆ. ಗುರಿ ಯಂತ್ರ ಅದೇ ವಿಲ್ಯಾನಿನಲ್ಲಿದ್ದು, ಅದರ ಮ್ಯಾಕ್ ವಿಳಾಸ ಪಟ್ಟಿಯಲ್ಲಿ ಆಗಷ್ಟೇ ಬಂದಿದ್ದರೆ ಫ್ರೇಮುಗಳು ಹೋಗಿ ಬಂದಿವೆ ಎಂದಾಯಿತು, ವಿಲ್ಯಾನ್ ನಿರಪರಾಧಿ. ಪಿಂಗನ್ನು ತಡೆದಿರುವುದು ಆ ಯಂತ್ರದ ಫೈರ್‌ವಾಲ್ ಇರಬಹುದು. ಅದನ್ನು ತಿಳಿಯದೆ ಟ್ರಂಕನ್ನು ಕಳಚಿ ಜೋಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಮ್ಯಾಕ್ ವಿಳಾಸ ಬಾರದೇ ಇದ್ದರೆ ಮಾತ್ರ ಮುಂದಿನ ಹಂತ.

ಕಂಪ್ಯೂಟರಿಗೆ ಸಿಕ್ಕ ಐಪಿ ವಿಳಾಸವೂ ಒಂದು ಸಾಕ್ಷಿ. 169.254ರಿಂದ ಶುರುವಾಗುವ ವಿಳಾಸವಿದ್ದರೆ, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನಿಂದ ಉತ್ತರ ಬಂದಿಲ್ಲ. ವಿಳಾಸ ಸಿಕ್ಕಿದೆ, ಆದರೆ ತನ್ನ ವಿಲ್ಯಾನಿನ 192.168.30 ಆಗಬೇಕಿದ್ದಲ್ಲಿ ಇನ್ನೊಂದರ 192.168.10 ಬಂದಿದೆ ಎಂದಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ: ಫ್ರೇಮು ತಪ್ಪು ವಿಲ್ಯಾನಿಗೆ ಹೋಗಿ ಬಿದ್ದಿದೆ ಎಂದು ಕಂಪ್ಯೂಟರೇ ಹೇಳುತ್ತಿದೆ.

ಮ್ಯಾಕ್ ಪಟ್ಟಿ ಹೇಳುವ ಕಥೆ

ಕಂಪ್ಯೂಟರ್ ವಿಲ್ಯಾನ್ 30ರಲ್ಲಿರಬೇಕು ಎಂದಿಟ್ಟುಕೊಳ್ಳೋಣ. ಅದರ ಮ್ಯಾಕ್ ವಿಳಾಸವನ್ನು ಬರೆದುಕೊಂಡು, ಅದು ನೇರವಾಗಿ ಕೂತಿರುವ ಸ್ವಿಚ್ಚಿನಲ್ಲಿ, ಯಾವ ವಿಳಾಸ ಯಾವ ಪೋರ್ಟಿನಲ್ಲಿದೆ ಎಂದು ಹೇಳುವ ಮ್ಯಾಕ್ ಪಟ್ಟಿಯನ್ನು ಹುಡುಕಿ. ಸಿಸ್ಕೊದಲ್ಲಿ ಇದು ‘ಶೋ ಮ್ಯಾಕ್ ಅಡ್ರೆಸ್-ಟೇಬಲ್’. ಬೇರೆ ಸ್ವಿಚ್ಚುಗಳಲ್ಲೂ ಇದಕ್ಕೆ ಸಮನಾದದ್ದು ಇದ್ದೇ ಇರುತ್ತದೆ. ಸುಮ್ಮನಿರುವ ಯಂತ್ರದ ವಿಳಾಸವನ್ನು ಸ್ವಿಚ್ಚು ಸಾಮಾನ್ಯವಾಗಿ 300 ಸೆಕೆಂಡಿನ ನಂತರ ಮರೆತುಬಿಡುತ್ತದೆ. ಆದ್ದರಿಂದ ಹುಡುಕುವಾಗ ಕಂಪ್ಯೂಟರಿನಿಂದ ಪಿಂಗ್ ಓಡುತ್ತಲೇ ಇರಲಿ.

ವಿಳಾಸ ಸರಿಯಾದ ಪೋರ್ಟಿನ ಮುಂದೆ, ವಿಲ್ಯಾನ್ 30ರಲ್ಲಿ ಕಂಡರೆ ಮುಂದಿನ ಸ್ವಿಚ್ಚಿಗೆ ನಡೆಯಿರಿ. ಸ್ವಿಚ್ಚಿನ ಪೋರ್ಟುಗಳು ಮೊದಲಿಗೆ ಇರುವ ವಿಲ್ಯಾನ್ 1ರಲ್ಲಿ ಕಂಡರೆ ಪೋರ್ಟನ್ನು 30ಕ್ಕೆ ಸೇರಿಸಲು ಯಾರೋ ಮರೆತಿದ್ದಾರೆ, ಅಥವಾ ಕೇಬಲ್ ನೀವಂದುಕೊಂಡ ಪೋರ್ಟಿನಲ್ಲಿಲ್ಲ. ಎರಡನೆಯದು ನಗಲು ಬರುವಷ್ಟು ಸಲ ಆಗುತ್ತದೆ. ಗೋಡೆಯೊಳಗಿನ ಕೇಬಲ್‌ಗಳು ಬಂದು ಸೇರುವ ಪ್ಯಾಚ್ ಪ್ಯಾನೆಲ್ಲಿನ ಮೇಲೆ ಅಂಟಿಸಿದ ಚೀಟಿಗಿಂತ ಮ್ಯಾಕ್ ಪಟ್ಟಿಯನ್ನು ನಂಬಿ. ವಿಳಾಸ ಎಲ್ಲಿಯೂ ಕಾಣದಿದ್ದರೆ, ಅಪರಿಚಿತ ಯಂತ್ರಗಳನ್ನು ತಡೆಯುವ ಪೋರ್ಟ್ ಸೆಕ್ಯುರಿಟಿ ಆ ಪೋರ್ಟನ್ನು ಮುಚ್ಚಿರಬಹುದು, ಅಥವಾ ಪೋರ್ಟನ್ನು 30ಕ್ಕೆ ಸೇರಿಸಲಾಗಿದೆ, ಆದರೆ 30 ಎಂಬ ವಿಲ್ಯಾನನ್ನೇ ಆ ಸ್ವಿಚ್ಚಿನಲ್ಲಿ ಸೃಷ್ಟಿಸಿಲ್ಲ. ಹಾಗಾದಾಗ ಸೆಟ್ಟಿಂಗ್ ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ‘ಶೋ ವಿಲ್ಯಾನ್ ಬ್ರೀಫ್’ ಪಟ್ಟಿಯಲ್ಲಿ 30 ಇದೆಯೇ ನೋಡಿ.

ಎರಡನೆಯ ಸ್ವಿಚ್ಚಿನಲ್ಲಿ ಅದೇ ಮ್ಯಾಕ್ ವಿಳಾಸ ಟ್ರಂಕ್ ಪೋರ್ಟಿನ ಮುಂದೆ, ವಿಲ್ಯಾನ್ 30ರಲ್ಲೇ ಕಾಣಬೇಕು. ಕಾಣದಿದ್ದರೆ ಫ್ರೇಮು ಈ ಎರಡು ಸ್ವಿಚ್ಚುಗಳ ನಡುವೆ ಕಳೆದಿದೆ. ಕಂಡರೂ ಅರ್ಧ ಕೆಲಸವಷ್ಟೇ ಆಯಿತು. ಈಗ ಗುರಿ ಯಂತ್ರದ ಅಥವಾ ಗೇಟ್‌ವೇಯ ಮ್ಯಾಕ್ ವಿಳಾಸವನ್ನು ಹಿಡಿದು ಹಿಂದಕ್ಕೆ ಬನ್ನಿ. ಹೋಗುವ ದಾರಿ ತೆರೆದಿದ್ದು ಬರುವ ದಾರಿ ಮುಚ್ಚಿರುವುದು ವಿಲ್ಯಾನ್ ಜಾಲಗಳಲ್ಲಿ ಅಪರೂಪವೇನಲ್ಲ.

ಟ್ರಂಕಿನ ಮೂರು ಪಟ್ಟಿಗಳು

ನನ್ನ ಅನುಭವದಲ್ಲಿ ಹೆಚ್ಚು ಕಳ್ಳರು ಸಿಕ್ಕಿರುವುದು ಇಲ್ಲಿಯೇ. ಸಿಸ್ಕೊ ಸ್ವಿಚ್ಚಿನ ‘ಶೋ ಇಂಟರ್‌ಫೇಸಸ್ ಟ್ರಂಕ್’ ಆದೇಶ, ಪೋರ್ಟು ನಿಜಕ್ಕೂ ಟ್ರಂಕ್ ಆಗಿದೆಯೇ ಎಂದು ಮೊದಲು ಹೇಳುತ್ತದೆ. ಎರಡೂ ತುದಿಗಳು ‘ಡೈನಾಮಿಕ್ ಆಟೊ’ ಸ್ಥಿತಿಯಲ್ಲಿದ್ದರೆ ಟ್ರಂಕ್ ಏಳುವುದೇ ಇಲ್ಲ. ‘ನೀನು ಕೇಳಿದರೆ ನಾನು ಸಿದ್ಧ’ ಎಂದು ಇಬ್ಬರೂ ಕಾಯುತ್ತ ಕೂತಿರುತ್ತಾರೆ. ಹೀಗಾಗದಿರಲು ಎರಡೂ ಕಡೆ ಟ್ರಂಕ್ ಎಂದು ಕೈಯಾರೆ ಬರೆಯುವುದೇ ಒಳ್ಳೆಯದು.

ಅದರ ಕೆಳಗೆ ಮೂರು ಪಟ್ಟಿಗಳಿರುತ್ತವೆ. ಒಂದಕ್ಕಿಂತ ಒಂದು ಕಿರಿದಾಗುವ ಜರಡಿಗಳಂತೆ ಇವನ್ನು ಓದಬೇಕು. ಮೊದಲನೆಯದು ಟ್ರಂಕಿನ ಮೇಲೆ ಅನುಮತಿ ಪಡೆದ ವಿಲ್ಯಾನ್‌ಗಳು. ಎರಡನೆಯದು ಅವುಗಳ ಪೈಕಿ ಈ ಸ್ವಿಚ್ಚಿನಲ್ಲಿ ಸೃಷ್ಟಿಯಾಗಿ ಸಕ್ರಿಯವಾಗಿರುವವು. ಮೂರನೆಯದು ಅವುಗಳಲ್ಲೂ ಸ್ಪ್ಯಾನಿಂಗ್ ಟ್ರೀ (ಫ್ರೇಮುಗಳು ಸುತ್ತು ಹೊಡೆಯದಂತೆ ಹೆಚ್ಚುವರಿ ದಾರಿಗಳನ್ನು ಮುಚ್ಚುವ ಏರ್ಪಾಡು) ಮುಂದಕ್ಕೆ ಬಿಡುತ್ತಿರುವವು. 30 ಯಾವ ಜರಡಿಯಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಿಯೇ ಕಾರಣ. ಮೊದಲನೆಯದರಲ್ಲೇ ಇಲ್ಲವೆಂದರೆ ಅನುಮತಿ ಕೊಡಬೇಕು. ಎರಡನೆಯದರಲ್ಲಿ ಮಾಯವಾದರೆ ವಿಲ್ಯಾನನ್ನು ಸೃಷ್ಟಿಸಬೇಕು. ಮೂರನೆಯದರಲ್ಲಿ ಮಾತ್ರ ಇಲ್ಲದಿದ್ದರೆ ಈ ಕೊಂಡಿಯನ್ನು ಸ್ಪ್ಯಾನಿಂಗ್ ಟ್ರೀ ತಡೆದಿದೆ, ಇಲ್ಲವೇ ಸಿಸ್ಕೊ ಸ್ವಿಚ್ಚುಗಳ ನಡುವೆ ವಿಲ್ಯಾನ್ ಪಟ್ಟಿಯನ್ನು ಹಂಚುವ ವಿಟಿಪಿ ಅದನ್ನು ಕತ್ತರಿಸಿ ಹಾಕಿದೆ. ಬೇರೊಂದು ದಾರಿ ತೆರೆದಿದ್ದರೆ ಆ ತಡೆ ಸರಿಯಾದದ್ದೇ ಇರಬಹುದು, ಅವಸರದಲ್ಲಿ ಕಿತ್ತು ಹಾಕಬೇಡಿ. ಈ ಮೂರನ್ನೂ ಎರಡೂ ತುದಿಯ ಸ್ವಿಚ್ಚುಗಳಲ್ಲಿ ಓದಬೇಕೆಂದು ಬೇರೆ ಹೇಳಬೇಕಿಲ್ಲ.

ಅನುಮತಿ ಕೊಡುವಾಗ ಒಂದು ಗುಂಡಿಯಿದೆ. ನಾನು ಅದರಲ್ಲಿ ಬಿದ್ದವನು. ಟ್ರಂಕಿನ ಮೇಲೆ ಆಗಲೇ 10, 20 ಮತ್ತು 40 ಇದ್ದವು. 30 ಸೇರಿಸಬೇಕಿತ್ತು. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದು ಬರೆದು ಎಂಟರ್ ಒತ್ತಿದೆ. ಇಡೀ ಮಹಡಿ ಸ್ತಬ್ಧವಾಯಿತು, ನಾನು ಆದೇಶ ಬರೆಯುತ್ತಿದ್ದ ಪರದೆಯ ಕಿಟಕಿಯೂ ಸೇರಿ. ಆ ಆದೇಶ ಪಟ್ಟಿಗೆ ಸೇರಿಸುವುದಿಲ್ಲ, ಪಟ್ಟಿಯನ್ನೇ ಬದಲಿಸುತ್ತದೆ. ಹಳೆಯ ಮೂರೂ ಹೋಗಿ 30 ಒಂದೇ ಉಳಿದಿತ್ತು. ನಡುವೆ ‘ಆ್ಯಡ್’ ಎಂಬ ಒಂದು ಪದ ಬೇಕಿತ್ತು. ಸ್ವಿಚ್ಚಿನ ನಿರ್ವಹಣೆಯ ವಿಳಾಸ ವಿಲ್ಯಾನ್ 10ರಲ್ಲಿದ್ದುದರಿಂದ ಸರಿಪಡಿಸಲು, ಸ್ವಿಚ್ಚಿಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಹಿಡಿದು ಮೆಟ್ಟಿಲು ಹತ್ತಬೇಕಾಯಿತು.

ಚೀಟಿ ಇಲ್ಲದವರ ಗೊಂದಲ

ಟ್ರಂಕಿನ ಒಂದು ತುದಿಯಲ್ಲಿ ನೇಟಿವ್ ವಿಲ್ಯಾನ್ 1, ಇನ್ನೊಂದರಲ್ಲಿ 99 ಎಂದಿದ್ದರೆ ಏನಾಗುತ್ತದೆ? ಇತ್ತಲಿಂದ 1ರ ಫ್ರೇಮು ಟ್ಯಾಗ್ ಇಲ್ಲದೆ ಹೊರಡುತ್ತದೆ. ಅತ್ತಲಿನವರು ಚೀಟಿ ಇಲ್ಲದವರೆಲ್ಲ 99ರವರು ಎಂದು ಒಳಗೆ ಬಿಟ್ಟುಕೊಳ್ಳುತ್ತಾರೆ. ಎರಡು ವಿಲ್ಯಾನ್‌ಗಳು ಗೋಡೆ ಒಡೆದು ಬೆರೆತಂತಾಗುತ್ತದೆ. ಎರಡೂ ಸಿಸ್ಕೊ ಸ್ವಿಚ್ಚುಗಳಾಗಿದ್ದು, ಪಕ್ಕದ ಸಾಧನವನ್ನು ಗುರುತಿಸುವ ಸಿಡಿಪಿ ಚಾಲೂ ಇದ್ದರೆ ಲಾಗಿನಲ್ಲಿ ನೇಟಿವ್ ವಿಲ್ಯಾನ್ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ವಿಲ್ಯಾನಿಗೂ ಬೇರೆ ಸ್ಪ್ಯಾನಿಂಗ್ ಟ್ರೀ ನಡೆಸುವ ಸ್ವಿಚ್ಚುಗಳು ಅಂಥ ಪೋರ್ಟಿನಲ್ಲಿ ಆ ವಿಲ್ಯಾನ್‌ಗಳನ್ನು ತಡೆಯುವುದೂ ಉಂಟು. ಬೇರೆ ಬೇರೆ ತಯಾರಕರ ಸ್ವಿಚ್ಚುಗಳ ನಡುವೆ ಈ ಎಚ್ಚರಿಕೆಯನ್ನು ನಿರೀಕ್ಷಿಸಬೇಡಿ. ಅಲ್ಲಿ ಮ್ಯಾಕ್ ಪಟ್ಟಿಯೇ ಗತಿ: ಈ ಕಡೆ 1ರಲ್ಲಿದ್ದ ವಿಳಾಸ ಆ ಕಡೆ 99ರಲ್ಲಿ ಕಂಡರೆ ಕಾರಣ ಸಿಕ್ಕಿತು.

ವೆಬ್ ಪುಟದ ಮೂಲಕ ಸೆಟ್ಟಿಂಗ್ ಮಾಡುವ ಸಣ್ಣ ಸ್ವಿಚ್ಚುಗಳಲ್ಲಿ ಇದರ ತಮ್ಮನೊಬ್ಬನಿದ್ದಾನೆ, ಪಿವಿಐಡಿ. ಪೋರ್ಟನ್ನು ವಿಲ್ಯಾನ್ 30ರ ಅನ್‌ಟ್ಯಾಗ್ಡ್ ಸದಸ್ಯನಾಗಿ ಮಾಡಿದರೆ ಅದು ಹೊರಹೋಗುವ ಫ್ರೇಮುಗಳ ವಿಷಯ ಮಾತ್ರ. ಒಳಬರುವ, ಟ್ಯಾಗ್ ಇಲ್ಲದ ಫ್ರೇಮನ್ನು ಯಾವ ವಿಲ್ಯಾನಿಗೆ ಸೇರಿಸಬೇಕು ಎಂದು ತೀರ್ಮಾನಿಸುವುದು ಪಿವಿಐಡಿ. ಇಂಥ ಅನೇಕ ಸ್ವಿಚ್ಚುಗಳಲ್ಲಿ ಅದನ್ನು ಬೇರೊಂದು ಪುಟದಲ್ಲಿ ಬದಲಿಸಬೇಕು. ಮರೆತರೆ ಕಂಪ್ಯೂಟರ್ 30ರ ಮಾತನ್ನು ಕೇಳಿಸಿಕೊಳ್ಳುತ್ತದೆ, ಆದರೆ ಅದು ಆಡಿದ್ದೆಲ್ಲ 1ಕ್ಕೆ ಹೋಗುತ್ತದೆ. ಹಿಂದಕ್ಕೂ ಬನ್ನಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಗೇಟ್‌ವೇ ಮತ್ತು ಉಳಿದವರು

ಬೇರೆ ವಿಲ್ಯಾನ್ ಮಾತ್ರ ಸಿಗದಿದ್ದಾಗ, ಮೊದಲು ಕಂಪ್ಯೂಟರಿನ ಗೇಟ್‌ವೇ ವಿಳಾಸ ಮತ್ತು ಸಬ್‌ನೆಟ್ ಮಾಸ್ಕ್ (ಯಾವ ವಿಳಾಸಗಳು ತನ್ನದೇ ಜಾಲದವು ಎಂದು ಹೇಳುವ ಸಂಖ್ಯೆ) ನೋಡಿ. ಆಮೇಲೆ ಗೇಟ್‌ವೇ ಬದುಕಿದೆಯೇ ನೋಡಿ. ಮೂರನೆಯ ಪದರದ, ಅಂದರೆ ರೌಟಿಂಗ್ ಕೂಡ ಮಾಡುವ ಸ್ವಿಚ್ಚಿನಲ್ಲಿ, ಗೇಟ್‌ವೇಯಾಗಿ ಕೆಲಸ ಮಾಡುವ ವಿಲ್ಯಾನ್ 30ರ ಇಂಟರ್‌ಫೇಸ್ ಮೇಲೇಳಲು ಆ ವಿಲ್ಯಾನ್ ಅಸ್ತಿತ್ವದಲ್ಲಿರಬೇಕು ಮತ್ತು ಅದರ ಕನಿಷ್ಠ ಒಂದು ಪೋರ್ಟಾದರೂ ಚಾಲೂ ಇರಬೇಕು. ಪರೀಕ್ಷೆಗೆಂದು ಹೊಸ ವಿಲ್ಯಾನ್ ಮಾಡಿ, ಯಾವ ಯಂತ್ರವನ್ನೂ ಜೋಡಿಸದೆ, ‘ಇಂಟರ್‌ಫೇಸ್ ಏಳುತ್ತಿಲ್ಲ’ ಎಂದು ಕೊರಗುವುದು ಇದರಿಂದಲೇ. ರೌಟಿಂಗ್ ಚಾಲೂ ಇದೆಯೇ, ನಡುವೆ ಎಸಿಎಲ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿ) ಏನಾದರೂ ತಡೆಯುತ್ತಿದೆಯೇ ಎಂಬುದನ್ನೂ ನೋಡಿ. ಡಿಎಚ್‌ಸಿಪಿ ಸರ್ವರ್ ಬೇರೆ ವಿಲ್ಯಾನಿನಲ್ಲಿದ್ದರೆ ವಿಳಾಸದ ಕೋರಿಕೆ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಗೇಟ್‌ವೇಯಲ್ಲಿ ಅದನ್ನು ದಾಟಿಸುವ ರಿಲೇ ಹಾಕಿರಬೇಕು.

ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಅರ್ಧ ನಿಮಿಷ ಸತ್ತಂತಿದ್ದು ಆಮೇಲೆ ಎಚ್ಚರಗೊಂಡರೆ ಅದು ಹಳೆಯ ಸ್ಪ್ಯಾನಿಂಗ್ ಟ್ರೀಯ 15 ಮತ್ತು 15 ಸೆಕೆಂಡಿನ ಕಾಯುವಿಕೆ. ಆಕ್ಸೆಸ್ ಪೋರ್ಟಿಗೆ ಆ ಕಾಯುವಿಕೆಯನ್ನು ತಪ್ಪಿಸುವ ಪೋರ್ಟ್‌ಫಾಸ್ಟ್ ಕೊಟ್ಟರೆ ಸಾಕು. ವರ್ಚುವಲ್ ಯಂತ್ರವಾಗಿದ್ದರೆ ಅದನ್ನು ಹೊತ್ತ ಸರ್ವರಿನೊಳಗೂ ಒಂದು ಸ್ವಿಚ್ಚಿದೆ, ಅದಕ್ಕೂ ವಿಲ್ಯಾನ್ ಸಂಖ್ಯೆ ಕೊಡಬೇಕು ಎಂಬುದು ನೆನಪಿರಲಿ. ವೈಫೈ ಆಕ್ಸೆಸ್ ಪಾಯಿಂಟುಗಳದೂ ಇದೇ ಕಥೆ.

ಬದಲಿಸುವ ಹೊತ್ತು

ಕಾರಣ ಸಿಕ್ಕಿದ ಮೇಲೆ ಒಂದೇ ಒಂದನ್ನು ಬದಲಿಸಿ, ಅದೇ ಮೂರು ಪಿಂಗ್‌ಗಳನ್ನು ಮತ್ತೆ ಕಳಿಸಿ. ದೂರದ ಸ್ವಿಚ್ಚಿನ ಟ್ರಂಕನ್ನು ಮುಟ್ಟುವ ಮುನ್ನ, ಉಳಿಸದ ಹಳೆಯ ಬದಲಾವಣೆಗಳೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ‘ರೀಲೋಡ್ ಇನ್ 10’ ಎಂದು ಕೊಡಿ. ಕೈ ತಪ್ಪಿ ಸಂಪರ್ಕ ಕಡಿದರೆ 10 ನಿಮಿಷದಲ್ಲಿ ಸ್ವಿಚ್ಚು ಮರಳಿ ಎದ್ದು, ಉಳಿಸಿಟ್ಟ ಹಳೆಯ ಸೆಟ್ಟಿಂಗಿಗೆ ಹೋಗುತ್ತದೆ. ಮೆಟ್ಟಿಲು ಹತ್ತಿದ ದಿನದಿಂದ ನಾನು ಇದನ್ನು ಬಿಟ್ಟಿಲ್ಲ. ಎಲ್ಲವೂ ಸರಿಯಾದ ಮೇಲೆ ‘ರೀಲೋಡ್ ಕ್ಯಾನ್ಸಲ್’ ಕೊಟ್ಟು ಸೆಟ್ಟಿಂಗ್ ಉಳಿಸಬೇಕು. ಒಮ್ಮೆ ಟ್ರಂಕ್ ಸರಿಪಡಿಸಿ, ದೂರು ಕೊಟ್ಟವರಿಗೆ ಫೋನ್ ಮಾಡಿ, ‘ಈಗ ನೋಡಿ’ ಎಂದು ಹೇಳಿ, ಅವರ ಧನ್ಯವಾದವನ್ನೂ ಪಡೆದು, ಈ ಎರಡನ್ನೂ ಮರೆತು ಕೂತಿದ್ದೆ. ಅವರ ಮುಂದಿನ ಕರೆ ಬರಲು ಹತ್ತು ನಿಮಿಷವೂ ಹಿಡಿಯಲಿಲ್ಲ.