ರೀಬೋರ್ ಆದ ಅಂಬಾಸಿಡರ್‌ಗೆ ಕಂಪ್ರೆಶನ್ ಬರ್ತಿಲ್ವಾ? ಹೆಡ್ ಇಳಿಸೋಕೆ ಮುಂಚೆ ಇಷ್ಟು ನೋಡಿ

ನಮ್ಮಪ್ಪನ 1984ರ ಮಾರ್ಕ್ 4 ಪೆಟ್ರೋಲ್ ಅಂಬಾಸಿಡರ್‌ಗೆ ಪೂರ್ತಿ ಇಂಜಿನ್ ಕೆಲ್ಸ ಮಾಡಿಸಿದ್ವಿ, ರೀಬೋರ್ (ಸವೆದ ಸಿಲಿಂಡರ್ ಕೊರೆದು ದೊಡ್ಡದು ಮಾಡೋದು), ಹೊಸ ಪಿಸ್ಟನ್, ರಿಂಗ್, ವಾಲ್ವ್ ಗ್ರೈಂಡಿಂಗ್ ಎಲ್ಲಾ. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ, ವಾಲ್ವ್ ಇರೋದು ಇದ್ರಲ್ಲೇ) ಇನ್ನೊಂದ್ಸಲ ಟೈಟ್ ಮಾಡಿಸ್ಕೊಂಡು ಬಂದ ಮೇಲೆ ಒಂದಿನ ಹ್ಯಾಂಡಲ್ ಹಾಕಿ ತಿರುಗಿಸಿದ್ರೆ ಮೂರು ಸಲ ಕೈಗೆ ಗಟ್ಟಿಯಾಗಿ ಎದುರು ಕೊಡ್ತು, ನಾಲ್ಕನೇ ಸಲ ಸುಮ್ನೆ ಜಾರ್ಕೊಂಡು ಹೋಯ್ತು. ಅಂದ್ರೆ ಒಂದು ಸಿಲಿಂಡರಲ್ಲಿ ಕಂಪ್ರೆಶನ್, ಅಂದ್ರೆ ಗಾಳಿ ಒತ್ತಿ ಹಿಡಿಯೋ ಶಕ್ತಿ, ಸರಿಯಾಗಿ ಬರ್ತಿಲ್ಲ. ಅಷ್ಟು ದುಡ್ಡು ಸುರಿದ ಮೇಲೆ ಹಿಂಗಾದ್ರೆ ಹೊಟ್ಟೆ ಉರಿಯುತ್ತೆ, ಮೆಕ್ಯಾನಿಕ್‌ನ ಕೇಳಿದ್ರೆ "ಹೆಡ್ ಇಳಿಸಿ ನೋಡ್ಬೇಕು ಸಾರ್" ಅಂತಾರೆ. ದಯವಿಟ್ಟು ಇಳಿಸೋಕೆ ಬಿಡ್ಬೇಡಿ. ಹೆಡ್ ಎತ್ತಿದ ತಕ್ಷಣ ಟ್ಯಾಪೆಟ್ (ವಾಲ್ವ್ ಮೇಲೆ ಬಿಡೋ ಸಣ್ಣ ಗ್ಯಾಪ್) ಟೈಟ್ ಇತ್ತಾ, ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಲೀಕ್ ಇತ್ತಾ ಅನ್ನೋ ಗುರುತೇ ಹೋಗ್ಬಿಡುತ್ತೆ, ಹೊಸ ಗ್ಯಾಸ್ಕೆಟ್ ಖರ್ಚು ಬೇರೆ.

ಮೊದ್ಲು ಪ್ಲಗ್ ತೂತಿಗೆ ಕಂಪ್ರೆಶನ್ ಗೇಜ್ ಹಾಕಿ ಸರಿಯಾಗಿ ಅಳತೆ ತಗೊಳ್ಳಿ. ಇಂಜಿನ್ ಬಿಸಿ ಇರ್ಬೇಕು, ಬ್ಯಾಟರಿ ಫುಲ್ ಚಾರ್ಜ್ ಇರ್ಬೇಕು, ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್‌ಗೆ ಹೋಗೋ ವೈರ್ ತೆಗೆದಿಡಿ, ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ತುಳಿದುಕೊಂಡೇ ಸೆಲ್ಫ್ ಹೊಡೀಬೇಕು. ಈ ಕೊನೇದನ್ನ ಮರೆತು ಎಷ್ಟೋ ಜನ ಚೆನ್ನಾಗಿರೋ ಇಂಜಿನ್ನನ್ನೇ ಬಿಚ್ಚಿಸಿದ್ದಾರೆ, ಥ್ರಾಟಲ್ ಮುಚ್ಚಿದ್ರೆ ಒಳಗೆ ಗಾಳಿನೇ ಹೋಗಲ್ಲ, ಇನ್ನ ಪ್ರೆಶರ್ ಎಲ್ಲಿಂದ ಬರ್ಬೇಕು. ಪ್ರತಿ ಸಿಲಿಂಡರ್‌ಗೂ ಐದಾರು ಸುತ್ತು, ಬರೆದಿಟ್ಕೊಳ್ಳಿ.

ನಂದು ಹಿಂಗಿತ್ತು: 112, 115, 60, 110 ಪಿಎಸ್‌ಐ. ಹೊಸ ಕಾರಿನ 170-180 ಮನಸ್ಸಲ್ಲಿ ಇಟ್ಕೊಂಡು ಗಾಬರಿ ಆಗ್ಬೇಡಿ, ಈ 1489 ಸಿಸಿ ಬಿ-ಸೀರೀಸ್ ಇಂಜಿನ್‌ಗೆ ಕಂಪ್ರೆಶನ್ ರೇಶಿಯೋನೇ ಕಡಿಮೆ, 7ರ ಆಸುಪಾಸು. ಊರೂ ಲೆಕ್ಕಕ್ಕೆ ಬರುತ್ತೆ, ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಗಾಳಿ ಒತ್ತಡ ಹತ್ರ ಹತ್ರ ಶೇ. 10 ಕಮ್ಮಿ, ಹಂಗಾಗಿ ಮಂಗಳೂರಲ್ಲಿ 130 ತೋರಿಸೋ ಇಂಜಿನ್ ಇಲ್ಲಿ 117ರ ಹತ್ರ ತೋರಿಸಿದ್ರೆ ಅದ್ರಲ್ಲಿ ಏನೂ ತಪ್ಪಿಲ್ಲ. ನೋಡ್ಬೇಕಾಗಿರೋದು ಸಿಲಿಂಡರ್ ಸಿಲಿಂಡರ್ ನಡುವಿನ ವ್ಯತ್ಯಾಸ, ಶೇ. 10 ಒಳಗಿದ್ರೆ ನೆಮ್ಮದಿಯಾಗಿರಿ.

ಕಮ್ಮಿ ಬಂದ ಸಿಲಿಂಡರ್‌ಗೆ ಒಂದೇ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಗೇಜ್ ಹಾಕಿ. ಜಾಸ್ತಿ ಬಿಟ್ರೆ ಆಯಿಲ್ಲೇ ಜಾಗ ತುಂಬ್ಕೊಂಡು ಸುಳ್ಳು ರೀಡಿಂಗ್ ಬರುತ್ತೆ. ಚೆನ್ನಾಗಿ ಏರಿದ್ರೆ ರಿಂಗ್ ಅಥವಾ ಬೋರ್ ಕಡೆ ತೊಂದ್ರೆ, ಏರದೇ ಇದ್ರೆ ವಾಲ್ವ್, ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ಇದ್ರೆ ಮಧ್ಯದ ಗ್ಯಾಸ್ಕೆಟ್. ನನ್ನ ಮೂರನೇದು 60ರಿಂದ 64ಕ್ಕೆ ಹೋಯ್ತು ಅಷ್ಟೆ. ಅಂದ್ರೆ ವಾಲ್ವ್.

ವಾಲ್ವ್ ಅಂದ ತಕ್ಷಣ ಸೀಟ್ (ವಾಲ್ವ್ ಕೂರೋ ಜಾಗ) ಹಾಳಾಗಿದೆ ಅಂತಲ್ಲ, ಹೊಸದಾಗಿ ಕೆಲ್ಸ ಆದ ಇಂಜಿನ್ನಲ್ಲಿ ಮೊದಲ ಅನುಮಾನ ಟ್ಯಾಪೆಟ್ ಮೇಲೇ ಇರ್ಲಿ. ಗ್ರೈಂಡಿಂಗ್ ಮಾಡಿದಾಗ ವಾಲ್ವ್ ಸೀಟೊಳಗೆ ಇಳಿಯುತ್ತೆ, ಅದರ ಬಾಲ ಅಷ್ಟೇ ಮೇಲೆ ಬರುತ್ತೆ, ಹೊಸ ಗ್ಯಾಸ್ಕೆಟ್ ಕೂತ್ಕೊಂಡ ಮೇಲೆ ಹೆಡ್ ಸ್ವಲ್ಪ ಕೆಳಗೆ ಬರುತ್ತೆ, ಆದ್ರೆ ಕೆಳಗಿಂದ ರಾಕರನ್ನ (ವಾಲ್ವ್ ಒತ್ತೋ ತೋಳು) ತಳ್ಳೋ ಪುಶ್‌ರಾಡ್ ಉದ್ದ ಅಷ್ಟೇ ಇರುತ್ತಲ್ಲ, ಹಂಗಾಗಿ ಗ್ಯಾಪ್ ಎರಡೂ ಕಡೆಯಿಂದ ಮುಚ್ಕೊಂಡು ಬರುತ್ತೆ, ಪೂರ್ತಿ ಹೋದ್ರೆ ವಾಲ್ವ್ ಸರಿಯಾಗಿ ಮುಚ್ಚೋದೇ ಇಲ್ಲ. ಅದಕ್ಕೇ ಹೆಡ್ ರೀಟಾರ್ಕ್ (ನಟ್‌ಗಳನ್ನ ಮತ್ತೆ ಟೈಟ್) ಮಾಡಿದ್ಮೇಲೆ ಟ್ಯಾಪೆಟ್ ಮತ್ತೆ ಸೆಟ್ ಮಾಡಲೇಬೇಕು, ನಮ್ಮದ್ರಲ್ಲಿ ಆಗದೇ ಇದ್ದಿದ್ದು ಇದೇ. ಈ ಇಂಜಿನ್ನಲ್ಲಿ ರಾಕರ್ ಹಿಡಿದಿರೋ ನಟ್‌ಗಳಲ್ಲಿ ನಾಲ್ಕು ಹೆಡ್ಡಿನ ಸ್ಟಡ್‌ಗೇ ಹೋಗೋದು, ಅದೂ ನೆನಪಿರ್ಲಿ, ರಾಕರ್ ಬಿಚ್ಚಿದ್ರೆ ಹೆಡ್ಡೂ ಸಡಿಲ ಆದಂಗೆ.

ಸೆಟ್ ಮಾಡೋಕೆ 9ರ ಲೆಕ್ಕ ಸುಲಭ. ರೇಡಿಯೇಟರ್ ಕಡೆಯಿಂದ ವಾಲ್ವ್‌ಗಳಿಗೆ 1ರಿಂದ 8 ನಂಬರ್ ಕೊಡಿ, 8ನೇದು ಪೂರ್ತಿ ಕೆಳಗೆ ಒತ್ತಿದ್ದಾಗ 1ನೇದರ ಗ್ಯಾಪ್, 6 ಒತ್ತಿದ್ದಾಗ 3ರದ್ದು, ಯಾವಾಗ್ಲೂ ಕೂಡಿದ್ರೆ 9. ಮೂರನೇ ಸಿಲಿಂಡರಿನ ಎಗ್ಜಾಸ್ಟ್ 5ನೇ ವಾಲ್ವ್, 4ನೇದು ಒತ್ತಿಸಿ ಫೀಲರ್ ಗೇಜ್ ತೂರಿಸೋಕೆ ಹೋದ್ರೆ ಇರ್ಬೇಕಾದ 15 ತೌ (ಇಂಚಿನ ಸಾವಿರದಲ್ಲಿ 15 ಭಾಗ) ಇರ್ಲಿ, 2 ತೌ ಪಟ್ಟಿ ಕೂಡ ಒಳಗೆ ಹೋಗ್ಲಿಲ್ಲ! ಲಾಕ್ ನಟ್ ಸಡಿಲ ಮಾಡಿ ಸ್ಕ್ರೂ ತಿರುಗಿಸಿ, ಪಟ್ಟಿ ಸ್ವಲ್ಪ ಬಿಗಿಯಾಗಿ ಎಳೆಯೋ ಹಂಗೆ ಇಟ್ಟು, ಎಂಟೂ ನೋಡಿ ಮುಗಿಸಿ ಗೇಜ್ ಹಾಕಿದ್ರೆ 108. ಹಂಗೇ ಓಡಿಸಿದ್ದಿದ್ರೆ ಎಗ್ಜಾಸ್ಟ್ ವಾಲ್ವ್ ಸುಟ್ಟೇ ಹೋಗ್ತಿತ್ತು.

ಟ್ಯಾಪೆಟ್ ಸರಿ ಇದ್ದೂ ಕಮ್ಮಿ ಅಂದ್ರೆ ಗಾಳಿ ಬಿಟ್ಟು ನೋಡಿ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಏರ್ ನಿಪ್ಪಲ್ ಬೆಸುಗೆ ಹಾಕಿಸಿದ್ರೆ ಸಾಕು. ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲಿರ್ಬೇಕು, ಟಾಪ್ ಗೇರ್, ಹ್ಯಾಂಡ್ ಬ್ರೇಕ್, ಮತ್ತೆ ಹ್ಯಾಂಡಲ್ ಖಂಡಿತ ತೆಗೆದಿಡಿ, ಗಾಳಿಗೆ ಇಂಜಿನ್ ತಿರುಗಿದ್ರೆ ಕೈ ಮುರಿಯುತ್ತೆ. ಆಮೇಲೆ ಕಿವಿ ಕೊಟ್ಟು ಕೇಳಿ: ಕಾರ್ಬುರೇಟರಲ್ಲಿ ಬುಸ್ ಅಂದ್ರೆ ಇನ್ಲೆಟ್ ವಾಲ್ವ್, ಸೈಲೆನ್ಸರಲ್ಲಿ ಬಂದ್ರೆ ಎಗ್ಜಾಸ್ಟ್, ಆಯಿಲ್ ಹಾಕೋ ಬಾಯಲ್ಲಿ ಜೋರಾಗಿ ಬಂದ್ರೆ ರಿಂಗ್ (ಸ್ವಲ್ಪ ಬಂದೇ ಬರುತ್ತೆ), ರೇಡಿಯೇಟರಲ್ಲಿ ಗುಳ್ಳೆ ಎದ್ರೆ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು.

ರಿಂಗ್ ಅಂತ ಬಂದ್ರೂ ತಕ್ಷಣ ಬಿಚ್ಬೇಡಿ. ಹೊಸ ರಿಂಗ್ ಬೋರಿಗೆ ಹೊಂದ್ಕೊಳ್ಳೋಕೆ ಕೆಲವು ನೂರು ಕಿಲೋಮೀಟರ್ ಬೇಕು, ಅದೂ ಲೋಡ್ ಮೇಲೆ. ಮನೆ ಮುಂದೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ರೆ ಬೋರ್ ನುಣ್ಣಗೆ ಗಾಜಿನ ಥರ ಆಗಿ ರಿಂಗ್ ಕೂರೋದೇ ಇಲ್ಲ. ಮಾಮೂಲಿ ಮಿನರಲ್ ಆಯಿಲ್ ಹಾಕಿ, ಹೆದ್ದಾರಿಯಲ್ಲಿ ಮೂರನೇ ಗೇರಲ್ಲಿ ಎಳೆಸಿ, ಬಿಟ್ಟು, ಮತ್ತೆ ಎಳೆಸಿ ಓಡಿಸಿ, 500 ಕಿಲೋಮೀಟರ್ ಆದ್ಮೇಲೆ ಇನ್ನೊಂದ್ಸಲ ಅಳೆಯಿರಿ. ಆಗ್ಲೂ ಏರದಿದ್ರೆ ಬಿಚ್ಚಿಸಿ, ರಿಂಗಿನ ಟಾಪ್ ಗುರುತು ಮೇಲಿದೆಯಾ, ರೀಬೋರ್ ಸೈಜಿಗೆ ಸರಿಯಾದ ಓವರ್‌ಸೈಜ್ ರಿಂಗೇ ಹಾಕಿದ್ದಾರಾ ಅಂತ ಎದುರಿಗೇ ನಿಂತು ನೋಡಿ.

ನಾಲ್ಕೂ ಒಂದೇ ಸಮ ಕಮ್ಮಿ, 80-85 ಹಂಗೆ ಇದ್ರೆ, ಬ್ಯಾಟರಿ ಥ್ರಾಟಲ್ ಎರಡೂ ಸರಿ ಅಂತ ಖಾತ್ರಿ ಆದ್ರೆ, ಟೈಮಿಂಗ್ ಚೈನ್ ಒಂದು ಹಲ್ಲು ತಪ್ಪಿ ಕೂತಿರ್ಬಹುದು. ಮುಂದಿನ ಕವರ್ ತೆಗೆದು ಎರಡೂ ಸ್ಪ್ರಾಕೆಟ್ಟಿನ ಚುಕ್ಕೆ ಎದುರುಬದುರು ಬರುತ್ತಾ ನೋಡಿ, ಇದಕ್ಕೂ ಹೆಡ್ ಮುಟ್ಟಬೇಕಾಗಿಲ್ಲ.