ಕೂತ ಕೊಂಬೆಯನ್ನೇ ಬದಲಿಸಿದ್ದು: ಓಪನ್ ಎಸ್‌ಎಸ್‌ಎಚ್ ಅನ್ನು ಸೋರ್ಸ್ ಕೋಡ್‌ನಿಂದ ಕಟ್ಟಿದ ಅನುಭವ

ನಾನು ನೋಡಿಕೊಳ್ಳುವ ಲಿನಕ್ಸ್ ಸರ್ವರ್ ಒಂದರಲ್ಲಿ, 2016ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಓಪನ್ ಎಸ್‌ಎಸ್‌ಎಚ್ 7.4 ಬಹುಕಾಲ ಓಡುತ್ತಿತ್ತು. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ತಂತ್ರಾಂಶವಿದು, ನಾನು ಆ ಸರ್ವರ್ ಒಳಗೆ ಹೋಗುವುದೂ ಇದರ ಮೂಲಕವೇ. 2023ರ ಡಿಸೆಂಬರಿನಲ್ಲಿ ‘ಟೆರಾಪಿನ್’ ಎಂಬ ದೋಷ ಬೆಳಕಿಗೆ ಬಂದಿತು. ಸಂಪರ್ಕದ ನಡುವೆ ಕುಳಿತವನೊಬ್ಬ ಆರಂಭದ ಕೆಲವು ಸಂದೇಶಗಳನ್ನು ಎರಡೂ ಕಡೆಯವರಿಗೆ ತಿಳಿಯದಂತೆ ತೆಗೆದುಹಾಕಬಹುದು ಎಂಬುದು ಅದರ ತಿರುಳು. ಅದೇ ತಿಂಗಳು ಬಂದ 9.6ರಲ್ಲಿ ಇದಕ್ಕೆ ಪರಿಹಾರವಿತ್ತಾದರೂ, ಕ್ಲೈಂಟ್ ಮತ್ತು ಸರ್ವರ್ ಎರಡರಲ್ಲೂ ಅದು ಇದ್ದರೆ ಮಾತ್ರ ಪ್ರಯೋಜನ. ಯಂತ್ರದಲ್ಲಿದ್ದ ಅಪ್ಲಿಕೇಶನ್‌ಗಳು ಹಳೆಯ ಲೈಬ್ರರಿಗಳನ್ನೇ ನೆಚ್ಚಿಕೊಂಡಿದ್ದರಿಂದ ಆಪರೇಟಿಂಗ್ ಸಿಸ್ಟಮ್ ಬದಲಿಸುವಂತಿರಲಿಲ್ಲ. ಹಾಗಾಗಿ ಸೋರ್ಸ್ ಕೋಡ್‌ನಿಂದಲೇ ಕಟ್ಟಲು ಹೊರಟೆ. ಕಂಪೈಲ್ ಆಗಲು ಹಿಡಿದದ್ದು ಕೆಲವೇ ನಿಮಿಷ. ಉಳಿದದ್ದಕ್ಕೆಲ್ಲ ದಿನಗಳು ಹಿಡಿದವು.

ಓಪನ್ ಎಸ್‌ಎಸ್‌ಎಚ್ ಮೂಲತಃ ಓಪನ್‌ಬಿಎಸ್‌ಡಿಗಾಗಿ ಬರೆದದ್ದು. ಲಿನಕ್ಸ್‌ನಂತಹ ಇತರ ವ್ಯವಸ್ಥೆಗಳಿಗೆ ಬೇಕಾದದ್ದು ಅದರ ‘ಪೋರ್ಟಬಲ್’ ಆವೃತ್ತಿ, 9.6ಪಿ1 ಎಂಬಲ್ಲಿನ ‘ಪಿ’ ಅದನ್ನೇ ಸೂಚಿಸುತ್ತದೆ. ಕಡತವನ್ನು ಇಳಿಸಿಕೊಂಡು ಅದರ ಎಸ್‌ಎಚ್‌ಎ-256 ಮೊತ್ತವನ್ನು (ಕಡತ ಬದಲಾಗಿಲ್ಲವೆಂದು ಖಚಿತಪಡಿಸುವ ಗುರುತು) ಬಿಡುಗಡೆಯ ಪ್ರಕಟಣೆಯಲ್ಲಿದ್ದುದರ ಜೊತೆ ಹೋಲಿಸಿದಾಗ ಒಂದಕ್ಕೊಂದು ಹೊಂದಲಿಲ್ಲ. ಗಾಬರಿಯಿಂದ ಮತ್ತೊಮ್ಮೆ ಇಳಿಸಿಕೊಂಡೆ, ಫಲಿತಾಂಶ ಅದೇ. ಆಮೇಲೆ ಪ್ರಕಟಣೆಯನ್ನು ಕೊನೆಯವರೆಗೆ ಓದಿದಾಗ ತಿಳಿಯಿತು: ಅವರು ಮೊತ್ತವನ್ನು ಎಲ್ಲರಂತೆ ಹೆಕ್ಸಾಡೆಸಿಮಲ್‌ನಲ್ಲಿ ಕೊಡದೆ ಬೇಸ್-64 ರೂಪದಲ್ಲಿ ಕೊಡುತ್ತಾರೆ. ಮೊತ್ತವನ್ನು ಆ ರೂಪಕ್ಕೆ ತಿರುಗಿಸಿದ ಮೇಲೆ ಎರಡೂ ಒಂದೇ ಆದವು. ಜೊತೆಗೆ ಬರುವ ಜಿಪಿಜಿ ಸಹಿಯನ್ನೂ (ಬಿಡುಗಡೆ ಮಾಡಿದವರ ಡಿಜಿಟಲ್ ಸಹಿ) ಪರೀಕ್ಷಿಸಿದೆ. ಊರಿನ ಹೆಬ್ಬಾಗಿಲಿಗೆ ಬೀಗ ಹಾಕುವ ಮುನ್ನ ಆ ಬೀಗ ಯಾರ ಕೈಯಿಂದ ಬಂದಿದೆ ಎಂದು ನೋಡದಿದ್ದರೆ ಹೇಗೆ?

ಕಟ್ಟಲು ಬೇಕಾದದ್ದೆಲ್ಲ ಯಂತ್ರದಲ್ಲಿ ಇದೆಯೇ ಎಂದು ನೋಡುವ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿದೊಡನೆ ಅದು, ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ಹಳೆಯದಾಯಿತೆಂದು ನಿಂತುಬಿಟ್ಟಿತು. 9.4ರಿಂದ ಈಚೆಗೆ ಕನಿಷ್ಠ 1.1.1 ಬೇಕು, ನನ್ನ ಯಂತ್ರದಲ್ಲಿದ್ದದ್ದು 1.0.2. ವ್ಯವಸ್ಥೆಯ ಲೈಬ್ರರಿಯನ್ನು ಮುಟ್ಟಿದರೆ ಉಳಿದ ಅಪ್ಲಿಕೇಶನ್‌ಗಳು ಮುರಿಯುವ ಭಯವಿದ್ದುದರಿಂದ, ಓಪನ್‌ಎಸ್‌ಎಸ್‌ಎಲ್ 3.0 ಅನ್ನು ಪ್ರತ್ಯೇಕ ಡೈರೆಕ್ಟರಿಯಲ್ಲಿ ಕಟ್ಟಿ, ಸ್ಟ್ಯಾಟಿಕ್ ಆಗಿ, ಅಂದರೆ ಕಾರ್ಯಕ್ರಮದೊಳಗೇ ಸೇರಿಹೋಗುವಂತೆ, ಜೋಡಿಸಿದೆ. ಕೆಲಸವೇನೋ ಆಯಿತು, ಆದರೆ ಇದರ ಬೆಲೆಯನ್ನು ಮೊದಲೇ ತಿಳಿದಿರಬೇಕು: ಇನ್ನು ಮುಂದೆ ಆ ಲೈಬ್ರರಿಯಲ್ಲಿ ಯಾವ ದೋಷ ಕಂಡುಬಂದರೂ ವ್ಯವಸ್ಥೆಯ ಅಪ್‌ಡೇಟ್ ನನ್ನನ್ನು ಕಾಪಾಡುವುದಿಲ್ಲ, ಎರಡನ್ನೂ ನಾನೇ ಮತ್ತೆ ಕಟ್ಟಬೇಕು.

ಹೊಸದನ್ನು ಹಳೆಯದರ ಮೇಲೆ ಹೇರದೆ, ಪ್ರತಿ ಆವೃತ್ತಿಗೂ ಆಪ್ಟ್ ಡೈರೆಕ್ಟರಿಯಲ್ಲಿ ಬೇರೆ ಜಾಗ ಮಾಡಿ, ‘ಈಗಿನದು’ ಎಂದು ತೋರಿಸುವ ಒಂದು ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕೈತೋರಿಸುವ ಕೊಂಡಿ) ಇಟ್ಟೆ. ಸರ್ವರ್ ತನ್ನ ಅಧಿಕಾರವನ್ನು ಕಳಚಿಕೊಂಡು ಕೆಲಸ ಮಾಡುವ ಖಾಲಿ ಡೈರೆಕ್ಟರಿ ರೂಟ್‌ನ ಒಡೆತನದಲ್ಲಿದ್ದು, ಬೇರೆ ಯಾರೂ ಅದರಲ್ಲಿ ಬರೆಯುವಂತಿಲ್ಲ ಎಂಬುದನ್ನು ಖಚಿತಪಡಿಸಿಕೊಂಡೆ. ನಂತರ ಹಳೆಯ ಸರ್ವರ್ 22ನೇ ಪೋರ್ಟ್‌ನಲ್ಲಿ ಓಡುತ್ತಿರುವಾಗಲೇ ಹೊಸದನ್ನು 2222ರಲ್ಲಿ ಡೀಬಗ್ ಸ್ಥಿತಿಯಲ್ಲಿ ಎಬ್ಬಿಸಿದೆ. ಅದನ್ನು ಕರೆಯುವಾಗ ಪೂರ್ಣ ಪಾತ್ ಕೊಡಲೇಬೇಕು, ಇಲ್ಲವಾದರೆ ಓಡಲು ಒಪ್ಪುವುದಿಲ್ಲ. ಲಾಗಿನ್ ಆಯಿತು. ಇಲ್ಲೊಂದು ತಪ್ಪು ನುಸುಳಿತ್ತು: ಮೇಕ್ ಇನ್‌ಸ್ಟಾಲ್ ಹಂತವು ಹೊಸ ಡೈರೆಕ್ಟರಿಯಲ್ಲಿ ಹೊಸ ಹೋಸ್ಟ್ ಕೀಲಿಗಳನ್ನು (ಸರ್ವರ್ ತನ್ನ ಗುರುತು ತೋರಿಸುವ ಕೀಲಿಗಳು) ತಾನಾಗಿಯೇ ಸೃಷ್ಟಿಸಿತ್ತು. ಪೋರ್ಟ್ ಬೇರೆಯಾಗಿದ್ದರಿಂದ ನನ್ನ ಕ್ಲೈಂಟ್ ಹೊಸ ಯಂತ್ರಕ್ಕೆ ಕೇಳುವಂತೆ ‘ಮುಂದುವರಿಯಲೇ’ ಎಂದು ಕೇಳಿತು, ನಾನು ಫಿಂಗರ್‌ಪ್ರಿಂಟ್ ನೋಡದೆಯೇ ಹೌದೆಂದೆ.

ಬದಲಾವಣೆಯ ದಿನ ಎರಡು ಮುನ್ನೆಚ್ಚರಿಕೆ ವಹಿಸಿದೆ: ಒಂದು ಲಾಗಿನ್ ಸೆಷನ್ ಅನ್ನು ಮುಚ್ಚದೆ ಉಳಿಸಿಕೊಂಡೆ, ಮತ್ತು ನಾನು ತಡೆಯದಿದ್ದರೆ 15 ನಿಮಿಷಗಳ ನಂತರ ಹಳೆಯ ಸರ್ವರ್ ಮತ್ತೆ ಏಳುವಂತೆ ಒಂದು ಕೆಲಸವನ್ನು ನಿಗದಿಪಡಿಸಿದೆ. ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಯೂನಿಟ್ ಕಡತದಲ್ಲಿ (ಸರ್ವಿಸ್ ಹೇಗೆ ಓಡಬೇಕೆಂದು ಹೇಳುವ ಕಡತ) ಪಾತ್ ಬದಲಿಸಿ ಸರ್ವಿಸ್ ಆರಂಭಿಸಿದರೆ, ಆಜ್ಞೆ ಮುಗಿಯಲೇ ಇಲ್ಲ. ಇನ್ನೊಂದು ಕಿಟಕಿಯಿಂದ ಲಾಗಿನ್ ಪ್ರಯತ್ನಿಸಿದಾಗ ಹೋಸ್ಟ್ ಕೀಲಿ ಬದಲಾಗಿದೆ ಎಂಬ ದೊಡ್ಡ ಎಚ್ಚರಿಕೆ ಮುಖಕ್ಕೆ ಹೊಡೆಯಿತು. ಹಳೆಯ ಕೀಲಿಗಳನ್ನೇ ಬಳಸುವಂತೆ ಕಾನ್ಫಿಗರೇಶನ್ ತಿದ್ದಿ ಮತ್ತೆ ಆರಂಭಿಸಿದೆ. ಈ ಬಾರಿ ಲಾಗಿನ್ ಸರಾಗವಾಗಿ ಆಯಿತು, ಆದರೆ ಸರಿಯಾಗಿ 90 ಸೆಕೆಂಡುಗಳ ನಂತರ ಸಿಸ್ಟಮ್‌ಡಿ ಸರ್ವರನ್ನು ಕೊಂದುಹಾಕಿತು. ಕೆಲಸ ಮಾಡುತ್ತಿರುವುದನ್ನು ಏಕೆ ಕೊಲ್ಲುತ್ತದೆ? ಹಳೆಯ ಯೂನಿಟ್ ಕಡತದ ಪ್ರಕಾರ ಸರ್ವರ್ ಎದ್ದ ಮೇಲೆ ‘ನಾನು ಸಿದ್ಧ’ ಎಂದು ಸಿಸ್ಟಮ್‌ಡಿಗೆ ತಿಳಿಸಬೇಕು. ಹಾಗೆ ತಿಳಿಸುವ ಕೋಡ್ ಮೂಲದ 9.6ರಲ್ಲಿ ಇಲ್ಲ, ಲಿನಕ್ಸ್ ವಿತರಣೆಯವರು (ಲಿನಕ್ಸ್ ಅನ್ನು ಜೋಡಿಸಿ ಹಂಚುವವರು) ತಮ್ಮ ಪ್ಯಾಚ್ ಮೂಲಕ ಸೇರಿಸಿದ್ದು. ಯೂನಿಟ್ ಕಡತದಲ್ಲಿ ಸರ್ವಿಸ್‌ನ ಬಗೆಯನ್ನು ‘ನೋಟಿಫೈ’ ಎಂಬುದರಿಂದ ‘ಸಿಂಪಲ್’ ಎಂದು ಬದಲಿಸಿದಾಗ ಸಮಸ್ಯೆ ಮುಗಿಯಿತು.

ಮರುದಿನ ಬೆಳಿಗ್ಗೆ ನೋಡಿದರೆ ರಾತ್ರಿಯ ಬ್ಯಾಕಪ್ ಆಗಿರಲಿಲ್ಲ. ಖಾತೆಗೆ ಬೀಗ ಬಿದ್ದಿರುವುದರಿಂದ ಪ್ರವೇಶವಿಲ್ಲ ಎಂದು ಲಾಗ್ ಹೇಳುತ್ತಿತ್ತು. ಅದು ಪಾಸ್‌ವರ್ಡ್ ಇಲ್ಲದ, ಕೀಲಿಯಿಂದ ಮಾತ್ರ ಲಾಗಿನ್ ಆಗುವ ಖಾತೆ. ಪಾಸ್‌ವರ್ಡ್‌ಗಳ ವಿವರವಿರುವ ಶ್ಯಾಡೋ ಕಡತದಲ್ಲಿ ಅದರ ಪಾಸ್‌ವರ್ಡ್ ಜಾಗದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇತ್ತು. ಲಾಗಿನ್ ಪರಿಶೀಲನೆ ನಡೆಸುವ ಲಿನಕ್ಸ್‌ನ ವ್ಯವಸ್ಥೆಯಾದ ಪ್ಯಾಮ್ ಬಳಕೆಯಲ್ಲಿದ್ದರೆ ಓಪನ್ ಎಸ್‌ಎಸ್‌ಎಚ್ ಈ ಚಿಹ್ನೆಯನ್ನು ತಾನು ಪರಿಶೀಲಿಸುವುದಿಲ್ಲ. ಪ್ಯಾಮ್ ಇಲ್ಲದಿದ್ದರೆ ಅದನ್ನು ಬೀಗವೆಂದೇ ಓದಿ, ಸರಿಯಾದ ಕೀಲಿ ತಂದವನನ್ನೂ ಹೊರಗೆ ನಿಲ್ಲಿಸುತ್ತದೆ. ಕಾನ್ಫಿಗರ್ ಹಂತದಲ್ಲಿ ಪ್ಯಾಮ್ ಬೇಕೆಂದು ನಾವೇ ಕೇಳಬೇಕು, ನಾನು ಕೇಳಿರಲಿಲ್ಲ. ‘ಬೆಂಬಲವಿಲ್ಲದ ಆಯ್ಕೆ’ ಎಂದು ಸರ್ವರ್ ಏಳುವಾಗ ಒಂದು ಸಾಲು ಹೇಳಿತ್ತು. ಡೀಬಗ್ ಸಂದೇಶಗಳ ರಾಶಿಯಲ್ಲಿ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಪ್ಯಾಮ್ ಹೆಡರ್ ಕಡತಗಳನ್ನು ಹಾಕಿಕೊಂಡು ಮತ್ತೆ ಕಟ್ಟಿದೆ.

2024ರ ಮಾರ್ಚ್‌ನಲ್ಲಿ ಕಡತ ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯಲ್ಲಿ ಅಡಗಿಸಿಟ್ಟ ಹಿಂಬಾಗಿಲಿನ ಸುದ್ದಿ ಬಂದಾಗ ನನ್ನ ಆ 90 ಸೆಕೆಂಡುಗಳು ನೆನಪಾದವು. ಓಪನ್ ಎಸ್‌ಎಸ್‌ಎಚ್ ನೇರವಾಗಿ ಎಕ್ಸ್‌ಝಡ್ ಬಳಸುವುದಿಲ್ಲ. ‘ನಾನು ಸಿದ್ಧ’ ಎಂದು ಹೇಳಲು ವಿತರಣೆಗಳು ಸೇರಿಸಿದ್ದ ಸಿಸ್ಟಮ್‌ಡಿ ಲೈಬ್ರರಿಯ ಬೆನ್ನೇರಿ ಅದು ಒಳಬರುತ್ತಿತ್ತು. ನನ್ನನ್ನು ಅಷ್ಟು ಪೀಡಿಸಿದ ಕೊರತೆಯೇ ಆ ದಾರಿಯನ್ನು ಮುಚ್ಚಿತ್ತು. ಆದರೆ ಹಿಗ್ಗಲು ಹೆಚ್ಚು ಸಮಯ ಸಿಗಲಿಲ್ಲ: ಜುಲೈ 1ರಂದು ಪ್ರಕಟವಾದ ಸಿವಿಇ-2024-6387 ಎಂಬ ಸಂಖ್ಯೆಯ ಓಪನ್ ಎಸ್‌ಎಸ್‌ಎಚ್ ದೋಷ 8.5ಪಿ1ರಿಂದ 9.7ಪಿ1ರವರೆಗಿನ ಆವೃತ್ತಿಗಳಿಗೆ ತಗಲುವಂಥದ್ದಾಗಿತ್ತು. ನಾನು ಕಿತ್ತುಹಾಕಿದ್ದ 7.4 ಆ ವ್ಯಾಪ್ತಿಯಲ್ಲಿ ಇರಲಿಲ್ಲ, ಕಷ್ಟಪಟ್ಟು ಕಟ್ಟಿದ 9.6 ಇತ್ತು.

ಅಂದೇ, ಆ ದೋಷ ಸರಿಪಡಿಸಿದ 9.8 ಕಟ್ಟಿ, ಸಿಮ್‌ಲಿಂಕ್ ಅನ್ನು ಅದರತ್ತ ತಿರುಗಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡುವ ಮುನ್ನ ಕಾನ್ಫಿಗರೇಶನ್ ಓದುತ್ತ ಕುಳಿತೆ. ಆ ಹೊತ್ತಿನಲ್ಲಿ ಬಂದ ಹೊಸ ಲಾಗಿನ್‌ಗಳೆಲ್ಲ ವಿಫಲವಾದವು. ಪ್ರತಿ ಹೊಸ ಸಂಪರ್ಕಕ್ಕೂ ಹಳೆಯ ಸರ್ವರ್ ತನ್ನದೇ ಕಾರ್ಯಕ್ರಮವನ್ನು ಮತ್ತೊಮ್ಮೆ ಕರೆಯುತ್ತದೆ, 9.8ರಲ್ಲಾದರೋ ಸಂಪರ್ಕ ಆಲಿಸುವ ಭಾಗ ಮತ್ತು ಸೆಷನ್ ನಡೆಸುವ ಭಾಗ ಎರಡು ಪ್ರತ್ಯೇಕ ಕಾರ್ಯಕ್ರಮಗಳಾಗಿವೆ, ಹೀಗಾಗಿ ಹಳೆಯದು ಕರೆದ ರೀತಿಯನ್ನು ಹೊಸದು ಒಪ್ಪಲಿಲ್ಲ. ಮುಚ್ಚದೆ ಉಳಿಸಿಕೊಂಡಿದ್ದ ಸೆಷನ್‌ನಿಂದ ರೀಸ್ಟಾರ್ಟ್ ಮಾಡಿದೊಡನೆ ಎಲ್ಲ ಸರಿಹೋಯಿತು. ಸಿಸ್ಟಮ್‌ಡಿಗೆ ಸಂದೇಶ ಕಳುಹಿಸುವ ಸೌಲಭ್ಯ, ಹೊರಗಿನ ಲೈಬ್ರರಿಯ ಹಂಗಿಲ್ಲದೆ, 9.8ರ ಮೂಲದಲ್ಲೇ ಬಂದಿದೆ. ಆದ್ದರಿಂದ ಯೂನಿಟ್ ಕಡತವನ್ನು ಮತ್ತೆ ‘ನೋಟಿಫೈ’ಗೆ ತಿರುಗಿಸಿದ್ದೇನೆ. ಕಾನ್ಫಿಗರೇಶನ್ ಪರೀಕ್ಷೆ, ಸಿಮ್‌ಲಿಂಕ್ ಬದಲಾವಣೆ ಮತ್ತು ರೀಸ್ಟಾರ್ಟ್ ಈಗ ಅದೇ ಕ್ರಮದಲ್ಲಿ ಒಂದೇ ಸ್ಕ್ರಿಪ್ಟ್‌ನಲ್ಲಿವೆ, ಮತ್ತು ಪರೀಕ್ಷೆಯಲ್ಲಿ ಎಚ್ಚರಿಕೆಯ ಒಂದು ಸಾಲು ಕಂಡರೂ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುತ್ತದೆ.