ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೋ ಬೇಡವೋ: ಲಗ್ನದ ವಿಡಿಯೋ ಎಡಿಟರ್ ಒಬ್ಬನ ಲೆಕ್ಕ

ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೇ ಎಂದು ಕೇಳಿದರೆ ಅಂಗಡಿಯವರು ಒಂದು ಹೇಳುತ್ತಾರೆ, ಯೂಟ್ಯೂಬ್‌ನವರು ಇನ್ನೊಂದು ಹೇಳುತ್ತಾರೆ. ಎರಡೂ ಸುಳ್ಳಲ್ಲ. ಆದರೆ ನಿಮ್ಮ ಕೆಲಸದ ಲೆಕ್ಕ ಅವರ ಕೈಯಲ್ಲಿ ಇರುವುದಿಲ್ಲ. ನಾನು ಹುಬ್ಬಳ್ಳಿಯಲ್ಲಿ ಲಗ್ನ, ಸೀಮಂತ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡುತ್ತೇನೆ. 2025ರಲ್ಲಿ, ತುಳಸಿ ಲಗ್ನ ಮುಗಿದು ಮುಹೂರ್ತಗಳು ಶುರುವಾಗುವ ಮುಂಚೆ, ಕಾರ್ಡ್ ಬದಲಿಸಿದೆ. ಆ ನಿರ್ಧಾರಕ್ಕೆ ಹೇಗೆ ಬಂದೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ನನ್ನಂಥ ಸಣ್ಣ ಸ್ಟುಡಿಯೋದವರಿಗೆ ಈ ರೊಕ್ಕ ಅಂದರೆ ಹಲವು ಲಗ್ನಗಳ ದುಡಿಮೆ.

ನನ್ನ ಮಷೀನ್‌ನಲ್ಲಿ ಇದ್ದದ್ದು ಇಂಟೆಲ್ ಕೋರ್ ಐ5 8400 ಪ್ರೊಸೆಸರ್ ಮತ್ತು ಎನ್ವಿಡಿಯಾದ ಜಿಟಿಎಕ್ಸ್ 1060, 6 ಜಿಬಿ ಮೆಮೊರಿಯದು. 2016ರಲ್ಲಿ ಬಂದ ಕಾರ್ಡ್. ವರ್ಷಗಟ್ಟಲೆ ಒಂದು ಮಾತೂ ಹೇಳದೆ ದುಡಿದಿದೆ. ತೊಂದರೆ ಶುರುವಾದದ್ದು ನಮ್ಮ ಕ್ಯಾಮೆರಾಮನ್ ಸೋನಿ ಎ7 ಮಾರ್ಕ್ 4 ತಂದಮೇಲೆ. ಟೈಮ್‌ಲೈನ್‌ನಲ್ಲಿ ಆ ಕ್ಯಾಮೆರಾದ ಕ್ಲಿಪ್ ಬಂದಲ್ಲೆಲ್ಲ ಚಿತ್ರ ತಡವರಿಸತೊಡಗಿತು. ಅಕ್ಷತೆ ಬೀಳುವ ಕ್ಷಣಕ್ಕೆ ಸರಿಯಾಗಿ ಕಟ್ ಕೊಡಬೇಕೆಂದರೆ (ತುಣುಕು ಕತ್ತರಿಸಬೇಕೆಂದರೆ) ಫ್ರೇಮ್ ಜಿಗಿಯುತ್ತಿತ್ತು. ಕೊಪ್ಪಿಕರ್ ರಸ್ತೆಯ ಅಂಗಡಿಯ ಹುಡುಗ ಕೂಡಲೇ ಹೇಳಿದ: "ಸರ, 4060 ಹಾಕಿಸಿಬಿಡ್ರಿ. ನಿಮ್ಮ 1060ಕ್ಕಿಂತ ಡಬಲ್ ಓಡತೈತಿ." ವೇಗದ ಬಗ್ಗೆ ಅವನು ಹೇಳಿದ್ದು ಖರೇ. ಆದರೆ ನನ್ನ ಮಷೀನ್ ನಿಲ್ಲುತ್ತಿದ್ದದ್ದು ಆ ವೇಗಕ್ಕಾಗಿಯೇ ಏನು ಎಂಬುದು ಇನ್ನೂ ಗೊತ್ತಿರಲಿಲ್ಲ.

ಮೊದಲು ಕಾರ್ಡ್ ಬಿಚ್ಚಿ ಧೂಳು ಊದಿಸಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿಸಿದೆ. ಬೇಸಿಗೆಯ ನಮ್ಮ ಬಿಸಿಲಿಗೆ, ಧೂಳಿಗೆ ಇದು ಹೇಗೂ ಬೇಕು. ಕಾರ್ಡ್ ಕಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಿಸಿ ಇಳಿಯಿತು, ತಡವರಿಕೆ ಹೋಗಲಿಲ್ಲ.

ಆಮೇಲೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಒತ್ತಿದರೆ ಹಲವು ಗ್ರಾಫ್ ಕಾಣುತ್ತವೆ: 3ಡಿ, ಕಾಪಿ, ವಿಡಿಯೋ ಡಿಕೋಡ್ (ಫೈಲನ್ನು ಬಿಡಿಸಿ ಓದುವುದು), ವಿಡಿಯೋ ಎನ್‌ಕೋಡ್ (ಒತ್ತಿ ಬರೆಯುವುದು). ಬಹಳ ಜನ ಮೇಲಿನ ಒಟ್ಟು ಶೇಕಡಾ ಮಾತ್ರ ನೋಡಿ ಮುಚ್ಚುತ್ತಾರೆ. ನೋಡಬೇಕಾದದ್ದು ಈ ಒಂದೊಂದು ಗ್ರಾಫ್. ಹಳೆಯ ಕ್ಯಾಮೆರಾದ ಕ್ಲಿಪ್ ಓಡಿಸಿದಾಗ ವಿಡಿಯೋ ಡಿಕೋಡ್ ಗೆರೆ ಮೇಲೇರಿತು, ಪ್ರೊಸೆಸರ್ ಆರಾಮವಾಗಿತ್ತು. ಸೋನಿಯ ಕ್ಲಿಪ್ ಓಡಿಸಿದಾಗ ಆ ಗೆರೆ ಸೊನ್ನೆಯಲ್ಲೇ ಮಲಗಿತ್ತು, ಪ್ರೊಸೆಸರ್‌ನ ಆರೂ ಕೋರ್‌ಗಳು ಉಸಿರುಗಟ್ಟಿ ದುಡಿಯುತ್ತಿದ್ದವು. ಅಂದರೆ ಆ ಕ್ಲಿಪ್‌ಗಳನ್ನು ಬಿಡಿಸಿ ಓದುವ ಕೆಲಸವನ್ನು ನನ್ನ ಕಾರ್ಡ್ ಮುಟ್ಟುತ್ತಲೇ ಇರಲಿಲ್ಲ.

ಕಾರಣ ಫೈಲಿನ ಬಗೆ. ಸೋನಿಯಲ್ಲಿ ನಮ್ಮ ಕ್ಯಾಮೆರಾಮನ್ 10 ಬಿಟ್ (8 ಬಿಟ್‌ಗಿಂತ ಹೆಚ್ಚು ಛಾಯೆ ಹಿಡಿಯುವ) 4:2:2ದಲ್ಲಿ ಶೂಟ್ ಮಾಡುತ್ತಿದ್ದ. ವಿಡಿಯೋ ಫೈಲಿನಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ಮಾಹಿತಿಯನ್ನು ಹಂಚಿಕೊಳ್ಳುವಂತೆ ಮಾಡಿ ಗಾತ್ರ ಉಳಿಸುತ್ತಾರೆ. 4:2:0ದಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣ, 4:2:2ದಲ್ಲಿ ಪಕ್ಕಪಕ್ಕದ ಎರಡಕ್ಕೆ ಒಂದು, 4:4:4ದಲ್ಲಿ ಪ್ರತಿಯೊಂದಕ್ಕೂ ಒಂದು. ಎಚ್.264, ಎಚ್.265 ಎಂದರೆ ವಿಡಿಯೋವನ್ನು ಒತ್ತಿ ಸಣ್ಣದಾಗಿಸುವ ಬಗೆಗಳು. ಎನ್ವಿಡಿಯಾ 2018ರ ಟ್ಯೂರಿಂಗ್ ಕಾರ್ಡ್‌ಗಳಿಂದ ಎಚ್.265ರ 4:4:4 ಓದುವ ವ್ಯವಸ್ಥೆ ಕೊಟ್ಟಿತು, ಆದರೆ ನಡುವಿನ 4:2:2 ಬಿಟ್ಟಿತು. 30ರ ಸರಣಿಗೂ (3060 ಇತ್ಯಾದಿ) ಅದು ಬರಲಿಲ್ಲ, 40ರ ಸರಣಿಗೂ (4060 ಇತ್ಯಾದಿ) ಬರಲಿಲ್ಲ. ಬಂದದ್ದು 2025ರ 50ರ ಸರಣಿಯಲ್ಲಿ, ಎಚ್.264 ಮತ್ತು ಎಚ್.265 ಎರಡಕ್ಕೂ.

ಕಾಗದದ ಮೇಲೆ ಓದಿ ನಂಬಿ ರೊಕ್ಕ ಹಾಕುವುದು ನನಗೆ ಸರಿಬರಲಿಲ್ಲ. ಧಾರವಾಡದ ಗೆಳೆಯನ ಹತ್ತಿರ ಆರ್‌ಟಿಎಕ್ಸ್ 3060, 12 ಜಿಬಿಯದು ಇತ್ತು. ನನ್ನದೇ ಪ್ರಾಜೆಕ್ಟ್‌ನ ಒಂದು ತುಣುಕನ್ನು ಎಸ್‌ಎಸ್‌ಡಿಯಲ್ಲಿ ತುಂಬಿಕೊಂಡು ಹೋದೆ. ಸೋನಿ ಕ್ಲಿಪ್ ಹಚ್ಚಿದರೆ ಅಲ್ಲಿಯೂ ಡಿಕೋಡ್ ಗೆರೆ ಸೊನ್ನೆ. ಆದರೆ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳು ತೆಗೆಯುವುದು) ಹಾಕಿದ ಭಾಗ ಕಣ್ಣಿಗೆ ಕಾಣುವಷ್ಟು ಬೇಗ ಮುಗಿಯಿತು. ನನಗೆ ದಾರಿ ಸ್ಪಷ್ಟವಾದದ್ದು ಇಲ್ಲೇ. ನನ್ನ ತೊಂದರೆ ಒಂದಲ್ಲ, ಎರಡು. ಒಂದು, ಕಟ್ ಮಾಡುವಾಗಿನ ತಡವರಿಕೆ. ಇನ್ನೊಂದು, ಎಕ್ಸ್‌ಪೋರ್ಟ್‌ನ, ಅಂದರೆ ಮುಗಿದ ವಿಡಿಯೋವನ್ನು ಫೈಲಾಗಿ ಹೊರತೆಗೆಯುವಾಗಿನ ತಡ. ಅಂಗಡಿಯ ಹುಡುಗ ಹೇಳಿದ 4060 ಎರಡನೆಯದನ್ನು ಬಗೆಹರಿಸುತ್ತಿತ್ತು, ಮೊದಲನೆಯದು ಹಾಗೇ ಉಳಿಯುತ್ತಿತ್ತು.

ಎರಡನೆಯದರ ಲೆಕ್ಕವನ್ನೂ ಹಾಕಿದೆ. ಲಗ್ನದ ಹಿಂದಿನ ರಾತ್ರಿಯ ಆರತಕ್ಷತೆ, ಅರಿಶಿನದ ಶಾಸ್ತ್ರ, ಇವೆಲ್ಲ ಮಂದ ಬೆಳಕಿನಲ್ಲಿ ನಡೆಯುತ್ತವೆ. ಕಲ್ಯಾಣ ಮಂಟಪದ ಬಣ್ಣದ ದೀಪಗಳಲ್ಲಿ ಚಿತ್ರದ ತುಂಬ ಕಾಳುಕಾಳು. ನಾನು ಎಡಿಟ್ ಮಾಡುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಸ್ಟುಡಿಯೋದ ಟೆಂಪೊರಲ್ ನಾಯ್ಸ್ ರಿಡಕ್ಷನ್ ಹಿಂದುಮುಂದಿನ ಫ್ರೇಮ್‌ಗಳನ್ನು ಹೋಲಿಸಿ ಆ ಕಾಳು ತೆಗೆಯುತ್ತದೆ. 4ಕೆ ಫ್ರೇಮ್ ಅಂದರೆ 3840 ಗುಣಿಸು 2160, ಸುಮಾರು 83 ಲಕ್ಷ ಪಿಕ್ಸೆಲ್. ರಿಸಾಲ್ವ್ ಒಳಗೆ 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಒಂದೊಂದು ಸಂಖ್ಯೆಗೆ 4 ಬೈಟ್ ಹಿಡಿದು ಲೆಕ್ಕ ಮಾಡುತ್ತದೆ. ಕೆಂಪು, ಹಸಿರು, ನೀಲಿ, ಆಲ್ಫಾ (ಪಾರದರ್ಶಕತೆ) ನಾಲ್ಕೂ ಸೇರಿ ಪಿಕ್ಸೆಲ್‌ಗೆ 16 ಬೈಟ್, ಅಂದರೆ ಒಂದು ಫ್ರೇಮ್‌ಗೆ ಸುಮಾರು 133 ಎಂಬಿ. ಎರಡೂ ಕಡೆ ಐದೈದು ಫ್ರೇಮ್ ಹಿಡಿದರೆ ಹನ್ನೊಂದು ಫ್ರೇಮ್‌ಗೆ ಹತ್ತಿರಹತ್ತಿರ ಒಂದೂವರೆ ಜಿಬಿ. ಇದು ಬರೀ ಕಚ್ಚಾ ಚಿತ್ರ. ಅದರ ಮೇಲೆ ಚಲನೆಯ ಲೆಕ್ಕ, ಬಣ್ಣ ತಿದ್ದುವ ಹಂತಗಳು, ಪರದೆಗೆ ಬೇಕಾದದ್ದು, ಎಲ್ಲ ಕೂಡಬೇಕು. ನನ್ನ 6 ಜಿಬಿ ಯಾಕೆ ಪದೇ ಪದೇ ತುಂಬಿ ಮೆಮೊರಿ ಸಾಲದು ಎನ್ನುತ್ತಿತ್ತು ಎಂಬುದು ಈ ಗುಣಾಕಾರದಿಂದಲೇ ತಿಳಿಯಿತು. 8 ಜಿಬಿಗೆ ಹೋದರೆ ಸ್ವಲ್ಪ ದಿನದ ನಿರಾಳ ಅಷ್ಟೇ. ಹಾಗಾಗಿ 16 ಜಿಬಿಯ ಆರ್‌ಟಿಎಕ್ಸ್ 5060 ಟಿಐ ಮೇಲೆ ಕಣ್ಣು ಹೋಯಿತು. ಇದೇ ಹೆಸರಿನಲ್ಲಿ 8 ಜಿಬಿಯದೂ ಇದೆ, ಬಿಲ್ ಮಾಡಿಸುವಾಗ ಡಬ್ಬಿ ಓದಿ.

16 ಜಿಬಿಗೆ ಇನ್ನೊಂದು ಕಾರಣವೂ ಇತ್ತು. ಈ ಕಾರ್ಡ್ ಮದರ್‌ಬೋರ್ಡ್‌ಗೆ ಕೂಡಿಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿಯ ಎಂಟೇ ಲೇನ್ ಬಳಸುತ್ತದೆ. ನನ್ನ ಮದರ್‌ಬೋರ್ಡ್ ಹಳೆಯ 3.0 ಆದ್ದರಿಂದ ಸೆಕೆಂಡಿಗೆ ಸುಮಾರು 8 ಜಿಬಿ ಮಾತ್ರ ಹಾಯುತ್ತದೆ. ಕೆಲಸವೆಲ್ಲ ಕಾರ್ಡ್‌ನ ಮೆಮೊರಿಯೊಳಗೇ ಹಿಡಿದರೆ ಇದರ ಪೆಟ್ಟು ಕಡಿಮೆ. ತುಂಬಿ ಹೊರಚೆಲ್ಲಿದರೆ ಆ ಇಕ್ಕಟ್ಟಿನ ದಾರಿಯಲ್ಲಿ ಹೋಗಿಬಂದು ಎಲ್ಲವೂ ನಿಧಾನ. ಹಳೆಯ ಬೋರ್ಡ್ ಇಟ್ಟುಕೊಳ್ಳುವವರು ಮೆಮೊರಿಯಲ್ಲಿ ಕಂಜೂಸಿ ಮಾಡಬಾರದು.

ಕಾರ್ಡ್ ಇಲ್ಲದೆಯೇ ದಾರಿ ಇತ್ತೇ? ಇತ್ತು. ಪ್ರಾಕ್ಸಿ (ಮೂಲ ಕ್ಲಿಪ್‌ಗಳ ಹಗುರ ನಕಲು) ಮಾಡಿ ಎಡಿಟ್ ಮಾಡಬಹುದು, ಬಹಳ ದಿನ ಹಾಗೇ ನಡೆಸಿದೆ. ಬಿಡುವಿನ ತಿಂಗಳುಗಳಲ್ಲಿ ಅದು ಸಾಕು. ಒಂದೇ ವಾರದಲ್ಲಿ ಮೇಲಿಂದ ಮೇಲೆ ಲಗ್ನ ಬಂದಾಗ ಪ್ರಾಕ್ಸಿ ತಯಾರಾಗುವುದಕ್ಕೇ ರಾತ್ರಿ ಹೋಗುತ್ತದೆ, ಡಿಸ್ಕ್ ಜಾಗವೂ ಹೋಗುತ್ತದೆ. ಪ್ರೊಸೆಸರ್ ಬದಲಿಸುವುದು ಇನ್ನೊಂದು ದಾರಿ. ಇಂಟೆಲ್‌ನ 12, 13ನೇ ಪೀಳಿಗೆಯ ಚಿಪ್‌ಗಳ ಒಳಗಿನ ಗ್ರಾಫಿಕ್ಸ್ ಎಚ್.265ರ 4:2:2 ಓದುತ್ತದೆ, ಆದರೆ ಎಚ್.264ರ 4:2:2 ಓದುವುದಿಲ್ಲ. ಅದಕ್ಕೆ ಬೋರ್ಡೂ ಬದಲಾಗಬೇಕು. ಕ್ಯಾಮೆರಾಮನ್‌ಗೆ 4:2:0ದಲ್ಲಿ ಶೂಟ್ ಮಾಡು ಎನ್ನಬಹುದಿತ್ತು. ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮ ಕಡೆಯ ಲಗ್ನದಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಇದ್ದೇ ಇರುತ್ತದೆ. ಬಣ್ಣದ ಮಾಹಿತಿ ಕಡಿಮೆಯಾದರೆ ಮೊದಲು ಕಾಣುವುದು ಅಂಥ ಗಾಢ ಕೆಂಪಿನ ಅಂಚಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ. ಮನೆಯವರು ಮುಂದೆ ಇಪ್ಪತ್ತು ವರ್ಷ ನೋಡುವ ವಿಡಿಯೋ ಅದು. ನನ್ನ ಮಷೀನ್‌ನ ಸಲುವಾಗಿ ಅವರ ಚಿತ್ರ ಕೆಡಬಾರದು.

ಸೆಕೆಂಡ್ ಹ್ಯಾಂಡ್ 3060 ಅಗ್ಗಕ್ಕೆ ಸಿಗುತ್ತಿದ್ದವು. 4:2:2 ಓದದ ಕಾರ್ಡ್ ನನಗೆ ಎಷ್ಟು ಅಗ್ಗವಾದರೂ ಬೇಡ.

ಇನ್ನು ರೊಕ್ಕದ ವಿಚಾರ. ಕಾರ್ಡ್‌ನ ಬೆಲೆಯೊಂದೇ ಬೆಲೆಯಲ್ಲ. ನನ್ನ ಹಳೆಯ ಕಾರ್ಡ್ 120 ವ್ಯಾಟ್‌ನದು, ಹೊಸದು 180. ನನ್ನ ಪವರ್ ಸಪ್ಲೈ 450 ವ್ಯಾಟ್‌ನ ಹಳೆಯದು, ಎನ್ವಿಡಿಯಾ ಈ ಕಾರ್ಡ್‌ಗೆ ಹೇಳುವುದು 600. ಅದನ್ನೂ ಬದಲಿಸಲೇಬೇಕು. ಯುಪಿಎಸ್ ಕೂಡ ನೋಡಬೇಕು: ಮಾರುಕಟ್ಟೆಯ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಎಕ್ಸ್‌ಪೋರ್ಟ್ ನಡೆದಾಗ ಕರೆಂಟ್ ಹೋದರೆ ಪ್ರೊಸೆಸರ್, ಕಾರ್ಡ್, ಮಾನಿಟರ್ ಮೂರನ್ನೂ ಅದು ಹೊರಬೇಕು. ಈ ಎರಡನ್ನೂ ಸೇರಿಸಿಯೇ ನಾನು ಬೆಲೆ ಬರೆದುಕೊಂಡೆ. 18% ಜಿಎಸ್‌ಟಿ ಬೀಳುತ್ತದೆ. ನೋಂದಣಿ ಇರುವವರು ವ್ಯವಹಾರದ ಹೆಸರಿನಲ್ಲಿ ಬಿಲ್ ಪಡೆದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು. ರಿಸಾಲ್ವ್‌ನ ಉಚಿತ ಆವೃತ್ತಿ ಬಳಸುವವರು ಇನ್ನೊಂದು ನೆನಪಿಡಿ: ಅದರಲ್ಲಿ ಈ ಟೆಂಪೊರಲ್ ನಾಯ್ಸ್ ರಿಡಕ್ಷನ್ ಇಲ್ಲ. ಹಾಗಿದ್ದರೆ ಮೊದಲ ಖರ್ಚು ಸ್ಟುಡಿಯೋ ಲೈಸೆನ್ಸ್‌ಗೆ, ಕಾರ್ಡ್ ಆಮೇಲೆ.

ಉಳಿಯುವ ಸಮಯವನ್ನೂ ಹಿಡಿತದಲ್ಲಿ ಲೆಕ್ಕ ಹಾಕಬೇಕು. ಒಂದು ತಾಸಿನ ಎಕ್ಸ್‌ಪೋರ್ಟ್‌ನಲ್ಲಿ ಕಾರ್ಡ್‌ಗಾಗಿ ಕಾಯುವುದು ಇಪ್ಪತ್ತು ನಿಮಿಷ ಎಂದಿಟ್ಟುಕೊಳ್ಳಿ. ಎರಡು ಪಟ್ಟು ವೇಗದ ಕಾರ್ಡ್ ಹಾಕಿದರೆ ಉಳಿಯುವುದು ಹತ್ತು ನಿಮಿಷ. ಹತ್ತು ಪಟ್ಟಿನದು ಹಾಕಿದರೂ ಹದಿನೆಂಟೇ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ತತ್ವ ಇದು, ಇಂದಿಗೂ ಅಂಗಡಿಯ ಬೋರ್ಡ್‌ಗಳ ಮೇಲೆ ಇರುವುದಿಲ್ಲ. ನನ್ನಲ್ಲಿ ರಾತ್ರಿಯ ಕಾರ್ಯಕ್ರಮಗಳ ಭಾಗದಲ್ಲಿ ಬಹುಪಾಲು ಸಮಯ ಕಾರ್ಡ್‌ನದೇ ಆಗಿತ್ತು, ಹಗಲಿನ ಭಾಗದಲ್ಲಿ ಅಲ್ಲ. ಹಗಲಿನ ಕಾರ್ಯಕ್ರಮಗಳನ್ನೇ ಮಾಡುವವನಾಗಿದ್ದರೆ ಎಕ್ಸ್‌ಪೋರ್ಟ್ ವೇಗದ ಸಲುವಾಗಿ ನಾನು ಕಾರ್ಡ್ ಕೊಳ್ಳುತ್ತಿರಲಿಲ್ಲ.

ಕೊನೆಯ ತೂಕ ಹಾಕಿದ್ದು ಡ್ರೈವರ್, ಅಂದರೆ ಕಾರ್ಡ್ ನಡೆಸುವ ಸಾಫ್ಟ್‌ವೇರ್. 1060ರ ಪೀಳಿಗೆಯ ಪಾಸ್ಕಲ್ ಕಾರ್ಡ್‌ಗಳಿಗೆ 2025ರ ಅಕ್ಟೋಬರ್ ನಂತರ ಹೊಸ ಡ್ರೈವರ್ ಇಲ್ಲ, ಮೂರು ತಿಂಗಳಿಗೊಮ್ಮೆ ಭದ್ರತೆಯ ಅಪ್‌ಡೇಟ್ ಮಾತ್ರ 2028ರವರೆಗೆ ಎಂದು ಎನ್ವಿಡಿಯಾ ಪ್ರಕಟಿಸಿತು. ಕಾರ್ಡ್ ಆ ದಿನಕ್ಕೇ ಕೆಡುವುದಿಲ್ಲ. ಆದರೆ ದುಡಿಮೆಗೆ ಬಳಸುವ ಸಾಫ್ಟ್‌ವೇರ್ ಮುಂದೆ ಹೋದಂತೆ ಹಳೆಯ ಕಾರ್ಡ್ ಹಿಂದೆ ಬೀಳುತ್ತದೆ.

ಹೊಸ ಕಾರ್ಡ್ ಹಾಕಿಸಿದ ದಿನ ಮೊದಲು ನೋಡಿದ್ದು ಅದೇ ಡಿಕೋಡ್ ಗೆರೆ. ಸೋನಿ ಕ್ಲಿಪ್‌ಗೆ ಅದು ಮೇಲೆದ್ದಿತು, ಪ್ರೊಸೆಸರ್ ತಣ್ಣಗಾಯಿತು. ಈಗ ಪ್ರಾಕ್ಸಿ ಇಲ್ಲದೆ ನೇರ ಮೂಲ ಫೈಲಿನ ಮೇಲೆ ಕಟ್ ಮಾಡುತ್ತೇನೆ, ರಾತ್ರಿಯ ಭಾಗಕ್ಕೆ ನಾಯ್ಸ್ ರಿಡಕ್ಷನ್ ಹಾಕಲು ಹಿಂದೆಮುಂದೆ ನೋಡುವುದಿಲ್ಲ. ರಿಸಾಲ್ವ್‌ನ ಫ್ಯೂಷನ್ ವಿಭಾಗದಲ್ಲಿ ಮಾಡಿದ ಟೈಟಲ್‌ಗಳು ಮಾತ್ರ ಮೊದಲಿನಷ್ಟೇ ನಿಧಾನ. ಅಲ್ಲಿ ತಡೆಯುತ್ತಿರುವುದು ಪ್ರೊಸೆಸರ್, ಅದು ಮುಂದಿನ ವರ್ಷದ ಲೆಕ್ಕ.

ಇದನ್ನು ಕೇಳಿ ಗದಗಿನ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ನಾನೂ 5060 ಟಿಐ ತಗೊಂಡುಬಿಡಲೇನು?" "ತಡಿಯೋ, ಮೊದಲ ಟಾಸ್ಕ್ ಮ್ಯಾನೇಜರ್ ತೆಗಿ" ಎಂದೆ. ಅವನ ಕ್ಯಾಮೆರಾ 8 ಬಿಟ್ 4:2:0. ಡಿಕೋಡ್ ಗೆರೆ ಚೆನ್ನಾಗಿಯೇ ಏರುತ್ತಿತ್ತು, ಕಾರ್ಡ್‌ನ ಮೆಮೊರಿ ಅರ್ಧವೂ ತುಂಬಿರಲಿಲ್ಲ. ಆದರೆ ಹಾರ್ಡ್ ಡಿಸ್ಕ್‌ನ ಗ್ರಾಫ್ ನೂರಕ್ಕೆ ಮುಟ್ಟಿ ಅಲ್ಲೇ ನಿಂತಿತ್ತು, ಎಲ್ಲ ಕ್ಲಿಪ್‌ಗಳನ್ನೂ ಒಂದೇ ಯುಎಸ್‌ಬಿ ಡಿಸ್ಕ್‌ನಿಂದ ಓಡಿಸುತ್ತಿದ್ದ. ಒಂದು ಎಸ್‌ಎಸ್‌ಡಿ ತರಿಸಿಕೊಂಡ. ಕಾರ್ಡ್ ಹಳೆಯದೇ ಇದೆ.